ಮಂಗಳೂರಿನ ಕೀಟೋ ಡಬ್ಬಿ: ಅನ್ನ ಬಿಡಿಸಿದ್ದು ಸರಿ, ಹೊಟ್ಟೆಗೆ ಸಾಕಷ್ಟು ಹಾಕಬೇಡವೇ?

ಕದ್ರಿ, ಬಿಜೈ, ಕಂಕನಾಡಿ ಕಡೆಯ ಮನೆ ಮತ್ತು ಕಚೇರಿಗಳಿಗೆ ಮಧ್ಯಾಹ್ನದ ಹಾಗೂ ರಾತ್ರಿಯ ಕೀಟೋ ಊಟವನ್ನು (ಕಾರ್ಬೋಹೈಡ್ರೇಟ್ ತೀರ ಕಡಿಮೆ, ಕೊಬ್ಬು ಹೆಚ್ಚು ಇರುವ ಊಟ) ಡಬ್ಬಿಯಲ್ಲಿ ತಲುಪಿಸುವ ಒಂದು ಸಣ್ಣ ಅಡುಗೆಮನೆಯ ಬಗ್ಗೆ ಈ ಅಭಿಪ್ರಾಯ ಬರೆಯುತ್ತಿದ್ದೇನೆ. ಅದರ ಹೆಸರನ್ನು ಹೇಳುತ್ತಿಲ್ಲ. ನಾನು ಎತ್ತಲಿರುವ ಕೊರತೆ ಅದೊಂದಕ್ಕೇ ಸೇರಿದ್ದಲ್ಲ. ತೂಕ ಇಳಿಸುವ ಊಟವೆಂದು ಮಾರುವ ಬೇರೆ ಡಬ್ಬಿಗಳಲ್ಲಿಯೂ ಅದು ಇರಬಹುದು, ಆದ್ದರಿಂದ ಓದುಗರು ತಾವು ತರಿಸುವ ಊಟವನ್ನು ಇದೇ ರೀತಿ ಅಳೆದು ನೋಡಿಕೊಳ್ಳುವುದು ಹೆಚ್ಚು ಉಪಯುಕ್ತ. ನಾನೂ ನನ್ನ ತಂಗಿಯೂ ಕಳೆದ ಮಳೆಗಾಲದಿಂದ ಇಲ್ಲಿ ಊಟ ತರಿಸುತ್ತಿದ್ದೇವೆ. ರುಚಿಯ ಬಗ್ಗೆ ದೂರಿಲ್ಲ, ಕಾರ್ಬೋಹೈಡ್ರೇಟಿನ ಲೆಕ್ಕದಲ್ಲಿ ಮೋಸವಿಲ್ಲ. ಕೊರತೆಯಿರುವುದು ಊಟದ ಒಟ್ಟು ಕ್ಯಾಲೊರಿಯಲ್ಲಿ. ಒಬ್ಬ ವಯಸ್ಕ ವ್ಯಕ್ತಿ ತೂಕ ಇಳಿಸಿಕೊಳ್ಳುವಾಗಲೂ ತಿನ್ನಲೇಬೇಕಾದಷ್ಟು ಆಹಾರ ಆ ಡಬ್ಬಿಯಲ್ಲಿ ಇರುವುದಿಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಕರಾವಳಿಯ ಅಡುಗೆಯನ್ನು ಕೀಟೋಗೆ ಒಗ್ಗಿಸುವುದು ಸುಲಭದ ಕೆಲಸವಲ್ಲ. ಕುಚ್ಚಲಕ್ಕಿ ಅನ್ನ, ನೀರುದೋಸೆ, ಕೋರಿರೊಟ್ಟಿ, ಪತ್ರೊಡೆ ಎಲ್ಲದಕ್ಕೂ ಅಕ್ಕಿಯೇ ಆಧಾರ. ಬೆಂದ ಅನ್ನ 100 ಗ್ರಾಂ ತಿಂದರೆ ಸುಮಾರು 28 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗುತ್ತದೆ. ಕೀಟೋದಲ್ಲಿ ಇಡೀ ದಿನಕ್ಕೆ ಇರುವ ಮಿತಿ 20ರಿಂದ 50 ಗ್ರಾಂ. ಈ ಅಡುಗೆಮನೆಯವರು ಅಕ್ಕಿಯನ್ನು ಪೂರ್ತಿ ಬಿಟ್ಟರೂ ಊರಿನ ರುಚಿಯನ್ನು ಬಿಟ್ಟಿಲ್ಲ. ಬಂಗುಡೆ ಪುಳಿಮುಂಚಿಗೆ ಬೆಲ್ಲ ಹಾಕುವುದಿಲ್ಲ, ಹುಣಸೆಯನ್ನು ಹಿಡಿತದಲ್ಲಿಡುತ್ತಾರೆ. ಕಾಣೆ ಮೀನನ್ನು ರವೆಯಲ್ಲಿ ಹೊರಳಿಸದೆ ಬರೀ ಮಸಾಲೆ ಹಚ್ಚಿ ಕಾಯಿಸುತ್ತಾರೆ, ಆದರೂ ಅಂಚು ಗರಿಗರಿಯಾಗಿರುತ್ತದೆ. ಅಲಸಂಡೆ ಉಪ್ಪುಕರಿ, ತಿಮರೆ (ಒಂದೆಲಗ) ಚಟ್ನಿ, ಹರಿವೆ ಸೊಪ್ಪಿನ ಪಲ್ಯ ಸರದಿಯಲ್ಲಿ ಬರುತ್ತವೆ. ಮಟ್ಟುಗುಳ್ಳ ಬದನೆಯ ಕಾಲದಲ್ಲಿ ಅದನ್ನು ದಪ್ಪ ಬಿಲ್ಲೆಗಳಾಗಿ ಹೆಚ್ಚಿ ಬಾಣಲೆಯಲ್ಲಿ ಕಾಯಿಸಿ ಕೊಟ್ಟದ್ದು ನಾನು ತಿಂದ ಒಳ್ಳೆಯ ತಿನಿಸುಗಳಲ್ಲಿ ಒಂದು. ಹೂಕೋಸನ್ನು ತುರಿದು ಅನ್ನದ ಜಾಗದಲ್ಲಿ ಕೊಡುವುದು ನನಗೆ ಅಷ್ಟು ಹಿಡಿಸಲಿಲ್ಲ, ನೀರು ಬಿಟ್ಟುಕೊಳ್ಳುತ್ತದೆ.

ಇನ್ನು ತಕ್ಕಡಿಯ ವಿಷಯ. ಡಬ್ಬಿಯ ಮುಚ್ಚಳದ ಮೇಲೆ ಕಾರ್ಬೋಹೈಡ್ರೇಟ್ ಎಷ್ಟು ಗ್ರಾಂ ಎಂದು ಚೀಟಿ ಅಂಟಿಸಿರುತ್ತಾರೆ, ಕ್ಯಾಲೊರಿ ಎಷ್ಟೆಂದು ಬರೆದಿರುವುದಿಲ್ಲ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ತಿನಿಸಿನ ಕ್ಯಾಲೊರಿಯನ್ನು ನಮೂದಿಸಬೇಕೆಂಬ ನಿಯಮ ನಮ್ಮಲ್ಲಿದೆ. ಒಂದೇ ಅಡುಗೆಮನೆಯ ವ್ಯವಹಾರಕ್ಕೆ ಆ ಕಟ್ಟುಪಾಡಿಲ್ಲ. ಹಾಗಾಗಿ ನಾನೇ ಒಂದೊಂದನ್ನೂ ಬೇರ್ಪಡಿಸಿ ತೂಗಿದೆ. ಮಧ್ಯಾಹ್ನದ ಡಬ್ಬಿಯಲ್ಲಿ ಮುಳ್ಳು ತೆಗೆದ ಬಂಗುಡೆ ಸುಮಾರು 110 ಗ್ರಾಂ, ಉಪ್ಪುಕರಿ ಒಂದು ಸಣ್ಣ ಬಟ್ಟಲು, ತುರಿದ ಹೂಕೋಸು, ಒಂದು ಲೋಟ ನೀರುಮಜ್ಜಿಗೆ ಇದ್ದವು. ಮಸಾಲೆಯಲ್ಲಿದ್ದ ಎಣ್ಣೆಯನ್ನು ಉದಾರವಾಗಿಯೇ ಹಿಡಿದರೂ ಇಷ್ಟಕ್ಕೂ ಸೇರಿ 350 ಕ್ಯಾಲೊರಿಯ ಆಸುಪಾಸು. ರಾತ್ರಿಯದರಲ್ಲಿ 60 ಗ್ರಾಂ ಪನೀರ್, ಒಂದು ಬೇಯಿಸಿದ ಮೊಟ್ಟೆ, ತಿಳಿ ಸೂಪು, ಹಸಿ ಸೌತೆಕಾಯಿ. ಅದೂ ಸುಮಾರು 350. ಬೆಳಿಗ್ಗೆ ಮನೆಯಲ್ಲಿ ಎರಡು ಮೊಟ್ಟೆ ಮತ್ತು ಕಾಫಿ ಸೇರಿಸಿದರೂ ದಿನದ ಮೊತ್ತ 900 ದಾಟುವುದಿಲ್ಲ.

ಇದು ಎಷ್ಟು ಕಡಿಮೆ ಎನ್ನುವುದು ಲೆಕ್ಕ ಹಾಕಿದಾಗಲೇ ಗೊತ್ತಾಗುವುದು. ನನ್ನ ತಂಗಿಗೆ 38 ವರ್ಷ, ಎತ್ತರ 158 ಸೆಂಟಿಮೀಟರ್, ಊಟ ತರಿಸಲು ಆರಂಭಿಸಿದಾಗ ತೂಕ 72 ಕಿಲೋ. 1990ರಲ್ಲಿ ಪ್ರಕಟವಾದ, ಇಂದಿಗೂ ಆಹಾರ ತಜ್ಞರು ಬಳಸುವ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ, ಅವಳು ಇಡೀ ದಿನ ಸುಮ್ಮನೆ ಮಲಗಿದ್ದರೂ ಉಸಿರಾಟ, ಹೃದಯ, ಮಿದುಳು, ಮೈಬಿಸಿ ಇವುಗಳಿಗೇ ಸುಮಾರು 1,350 ಕ್ಯಾಲೊರಿ ಬೇಕು. ಮನೆಗೆಲಸ, ಬಸ್ಸು ಹಿಡಿಯಲು ನಡೆಯುವುದು, ಕಚೇರಿಯ ಮೆಟ್ಟಿಲು ಎಲ್ಲ ಸೇರಿದರೆ 1,850ರಷ್ಟು ಖರ್ಚಾಗುತ್ತದೆ. ಸಾಮಾನ್ಯವಾಗಿ ಸೂಚಿಸುವಂತೆ ದಿನಕ್ಕೆ 500 ಕಡಿತ ಮಾಡಿದರೆ 1,350ರಿಂದ 1,400ರವರೆಗೆ ತಿನ್ನಬೇಕು, ಉಳಿದದ್ದನ್ನು ದೇಹ ತನ್ನ ಕೊಬ್ಬಿನಿಂದ ತೆಗೆದುಕೊಳ್ಳುತ್ತದೆ. ಈ ಡಬ್ಬಿಯನ್ನು ನಂಬಿದರೆ ಸಿಗುವುದು ಖರ್ಚಿನ ಅರ್ಧದಷ್ಟು ಮಾತ್ರ. ದಿನಕ್ಕೆ 800 ಕ್ಯಾಲೊರಿಗಿಂತ ಕಡಿಮೆಯ ಆಹಾರಕ್ರಮವನ್ನು ವೈದ್ಯರ ನಿಗಾ ಇಲ್ಲದೆ ಮಾಡಬಾರದು ಎಂಬುದು ವೈದ್ಯಕೀಯದಲ್ಲಿ ಒಪ್ಪಿತವಾದ ಮಾತು. ಬೆಳಗಿನ ಮೊಟ್ಟೆಯನ್ನು ಬಿಟ್ಟವರು ಆ ಗೆರೆಯ ಕೆಳಗೇ ಇರುತ್ತಾರೆ.

ಹೀಗಾದರೂ ಗಿರಾಕಿಗಳು ದೂರು ಹೇಳದಿರುವುದಕ್ಕೆ ಕಾರಣವಿದೆ. ಕೀಟೋದಲ್ಲಿ ಹಸಿವು ಕಡಿಮೆಯಾಗುತ್ತದೆ, ಅದು ಈ ಪದ್ಧತಿಯ ಗುಣವೇ. ಹೊಟ್ಟೆ ಚುರುಗುಟ್ಟದಿದ್ದಾಗ ತಿಂದದ್ದು ಸಾಕಾಯಿತೆಂದು ಯಾರಿಗಾದರೂ ಅನ್ನಿಸುತ್ತದೆ. ಜೊತೆಗೆ ಮೊದಲ ವಾರ ತೂಕದ ಯಂತ್ರವೂ ಹುರುಪು ಹುಟ್ಟಿಸುತ್ತದೆ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ನಿನ, ಅಂದರೆ ದೇಹದ ಸಕ್ಕರೆಯ ದಾಸ್ತಾನಿನ, ಪ್ರತಿ ಗ್ರಾಮಿಗೆ ಸುಮಾರು 3 ಗ್ರಾಂ ನೀರು ಅಂಟಿಕೊಂಡಿರುತ್ತದೆ. ಅನ್ನ ನಿಲ್ಲಿಸಿದ ಕೂಡಲೇ ಗ್ಲೈಕೋಜನ್ ಕರಗಿ ಆ ನೀರು ಹೊರಹೋಗುತ್ತದೆ, ಒಂದೂವರೆ ಎರಡು ಕಿಲೋ ಇಳಿದಂತೆ ಕಾಣುತ್ತದೆ. ಅದರಲ್ಲಿ ಕೊಬ್ಬಿನ ಪಾಲು ಸ್ವಲ್ಪವೇ. ಆ ಮೇಲೂ ತಿನ್ನುವುದು ಅತಿ ಕಡಿಮೆಯಿದ್ದು ಪ್ರೊಟೀನ್ ಕೂಡ ಸಾಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸುಸ್ತು, ಮೈ ತಣ್ಣಗಾಗುವುದು, ಮುಟ್ಟಿನಲ್ಲಿ ಏರುಪೇರು, ಎರಡು ಮೂರು ತಿಂಗಳ ನಂತರ ಹಿಡಿಹಿಡಿಯಾಗಿ ಕೂದಲು ಉದುರುವುದು, ತೀರ ವೇಗವಾಗಿ ಇಳಿದವರಲ್ಲಿ ಪಿತ್ತಕೋಶದ ಕಲ್ಲು, ಇವೆಲ್ಲ ಆ ದಾರಿಯಲ್ಲಿ ಬರುವ ತೊಂದರೆಗಳು. ತಂಗಿಗೆ ಮೆಟ್ಟಿಲು ಹತ್ತುವಾಗ ತಲೆಸುತ್ತು ಬರುತ್ತಿತ್ತು, ಬಾಚಣಿಗೆಯಲ್ಲಿ ಕೂದಲು ಹೆಚ್ಚು ಕಾಣುತ್ತಿತ್ತು. ತೂಗಿ ನೋಡಬೇಕೆಂದು ನನಗೆ ಅನ್ನಿಸಿದ್ದು ಆಗಲೇ.

ಅಡುಗೆಮನೆಯನ್ನು ನಡೆಸುವವರಿಗೆ ಫೋನ್ ಮಾಡಿ ಕೇಳಿದೆ. ಅವರು ಮರೆಮಾಚದೆ ಹೇಳಿದರು: “ಅಕ್ಕಾ, ಎಣ್ಣೆ ಮೇಲೆ ತೇಲಿದರೆ ಡಬ್ಬಿ ವಾಪಸ್ ಬರ್ತದೆ. ಡಯಟ್ ಅಂತ ಹೇಳಿ ಇಷ್ಟು ಎಣ್ಣೆಯಾ ಅಂತ ಕೇಳುವವರೇ ಹೆಚ್ಚು. ಏನು ಮಾಡುವುದು ಹೇಳಿ?” ಅವರ ಕಷ್ಟ ನನಗೆ ಅರ್ಥವಾಯಿತು. ಅನ್ನ ಬಿಡಲು ಒಪ್ಪಿದ ಮನಸ್ಸು ಎಣ್ಣೆ ತಿನ್ನಲು ಒಪ್ಪುವುದಿಲ್ಲ. ಆದರೆ ಕಾರ್ಬೋಹೈಡ್ರೇಟನ್ನೂ ಕೊಬ್ಬನ್ನೂ ಒಟ್ಟಿಗೇ ಕಡಿದರೆ ಉಳಿಯುವುದು ಅರೆಹೊಟ್ಟೆಯ ಉಪವಾಸವೇ ಹೊರತು ಕೀಟೋ ಅಲ್ಲ. ಕೀಟೋದಲ್ಲಿ ಕ್ಯಾಲೊರಿಯ ನೂರಕ್ಕೆ 70ರಷ್ಟು ಪಾಲು ಕೊಬ್ಬಿನಿಂದ ಬರಬೇಕು. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಅಪಸ್ಮಾರದ (ಮೂರ್ಛೆರೋಗದ) ಚಿಕಿತ್ಸೆಗಾಗಿ ಈ ಪದ್ಧತಿಯನ್ನು ಸೂಚಿಸಿದರು. ಅಪಸ್ಮಾರಕ್ಕೆ ಇದನ್ನು ಕೊಡುವಾಗ ರೋಗಿಯ ಪ್ರತಿ ಊಟವನ್ನೂ ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ, ಒಟ್ಟು ಕ್ಯಾಲೊರಿ ಎಷ್ಟಿರಬೇಕೆಂಬುದನ್ನೂ ನಿಗದಿಮಾಡುತ್ತಾರೆ. ನಮ್ಮ ಡಬ್ಬಿಯವರು ಆ ಕ್ರಮದಿಂದ ಕಾರ್ಬೋಹೈಡ್ರೇಟಿನ ಒಂದೇ ಅಂಕಿಯನ್ನು ಎತ್ತಿಕೊಂಡು ಉಳಿದದ್ದನ್ನು ಬಿಟ್ಟಿದ್ದಾರೆ.

ಎಣ್ಣೆ, ತುಪ್ಪದ ಬಗೆಗಿನ ಈ ಅಂಜಿಕೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅವರ ಚಿಕನ್ ಘೀ ರೋಸ್ಟ್‌ನಲ್ಲಿ. ಕುಂದಾಪುರದಿಂದ ಹೆಸರಾದ ಈ ತಿನಿಸಿನಲ್ಲಿ ಕೆಂಪು ಮಸಾಲೆ ತುಪ್ಪ ಬಿಡುವವರೆಗೆ ಬಾಡಬೇಕು, ತುಂಡನ್ನು ಎತ್ತಿದಾಗ ಬೆರಳಿಗೆ ತುಪ್ಪ ಹತ್ತಬೇಕು. ಇಲ್ಲಿಯ ಡಬ್ಬಿಯನ್ನು ಓರೆಮಾಡಿ ಹಿಡಿದರೂ ಮೂಲೆಯಲ್ಲಿ ತುಪ್ಪದ ಗೆರೆ ಮೂಡುವುದಿಲ್ಲ. ಮಸಾಲೆ ಒಣಗಿ ತುಂಡಿಗೆ ಅಂಟಿರುತ್ತದೆ. ಚರ್ಮ ತೆಗೆದ ಎದೆಯ ಮಾಂಸವನ್ನೇ ಬಳಸುವುದರಿಂದ ತುಂಡು ನಾರುನಾರಾಗಿ ಗಂಟಲಲ್ಲಿ ನಿಲ್ಲುತ್ತದೆ. ಕೀಟೋ ಮಾಡುವವರು ಧೈರ್ಯವಾಗಿ ತಿನ್ನಬಹುದಾದ ಅಡುಗೆ ನಮ್ಮ ಕಡೆ ಯಾವುದಾದರೂ ಇದ್ದರೆ ಅದು ಘೀ ರೋಸ್ಟ್. ಅದಕ್ಕೇ ತುಪ್ಪ ಕಡಿಮೆ ಮಾಡಿದ್ದು ನನಗೆ ನಿಜಕ್ಕೂ ಬೇಸರ ತಂದಿತು.

ನಮ್ಮ ಊರಿನಲ್ಲಿ ಈ ಕೊರತೆ ತುಂಬಲು ವಿದೇಶದ ಯಾವ ಪುಡಿಯೂ ಬೇಕಿಲ್ಲ. ಒಂದು ದೊಡ್ಡ ಚಮಚ ತೆಂಗಿನೆಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇದೆ, ತುಪ್ಪದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. 50 ಗ್ರಾಂ ಹಸಿ ತೆಂಗಿನತುರಿಯಲ್ಲಿ 175ರಷ್ಟು ಕ್ಯಾಲೊರಿ ಇದ್ದು, ನಾರಿನಂಶ ಕಳೆದರೆ ಕಾರ್ಬೋಹೈಡ್ರೇಟ್ 3 ಗ್ರಾಂ ಮಾತ್ರ. ಕೋಳಿಯ ಎದೆಯ ಬದಲು ಚರ್ಮ ಸಹಿತ ತೊಡೆ, ನೀರುಮಜ್ಜಿಗೆಯ ಬದಲು ಗಟ್ಟಿ ಮೊಸರಿನ ತಂಬುಳಿ, ಪನೀರ್ 60ರ ಬದಲು 120 ಗ್ರಾಂ, ಮಳೆಗಾಲ ಮುಗಿದ ಮೇಲೆ ಕೊಬ್ಬಿ ಬರುವ ಬೂತಾಯಿ ಮೀನು. ಇಷ್ಟು ಬದಲಾವಣೆಗೆ ಅಡುಗೆಮನೆಯ ಖರ್ಚು ವಿಪರೀತ ಏರುವುದಿಲ್ಲ. ತೆಂಗಿನೆಣ್ಣೆಯ ಬೆಲೆ ಏರಿದೆ ನಿಜ, ಆದರೂ ಒಂದು ಚಮಚಕ್ಕೆ ಹತ್ತು ರೂಪಾಯಿ ಬೀಳುವುದಿಲ್ಲ. ಎರಡು ಹೊತ್ತಿಗೆ 420 ರೂಪಾಯಿ ತೆಗೆದುಕೊಳ್ಳುವವರು ಅಷ್ಟನ್ನು ಭರಿಸಬಹುದು. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವಾಗ ಮೀನು ದುಬಾರಿಯಾಗುವುದು ಸಹಜ. ಆ ಎರಡು ತಿಂಗಳು ಇವರು ಮೀನಿನ ಪ್ರಮಾಣ ಇಳಿಸಿದರೇ ಹೊರತು ಅದರ ಜಾಗಕ್ಕೆ ಮೊಟ್ಟೆಯನ್ನಾಗಲಿ ಪನೀರನ್ನಾಗಲಿ ಹೆಚ್ಚಿಸಲಿಲ್ಲ.

ಪ್ರೊಟೀನಿನ ವಿಷಯದಲ್ಲಿಯೂ ಸ್ವಲ್ಪ ಗಮನ ಬೇಕು. ತೂಕ ಇಳಿಸುವಾಗ ಸ್ನಾಯು ಉಳಿಯಬೇಕಾದರೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2 ಗ್ರಾಂ ಪ್ರೊಟೀನ್ ಆದರೂ ಇರಲಿ ಎನ್ನುತ್ತಾರೆ. ತಂಗಿಯ ಲೆಕ್ಕಕ್ಕೆ ದಿನಕ್ಕೆ 85 ಗ್ರಾಂ. ಎರಡು ಡಬ್ಬಿ ಮತ್ತು ಬೆಳಗಿನ ಮೊಟ್ಟೆ ಸೇರಿ 60ರ ಹತ್ತಿರ ನಿಲ್ಲುತ್ತಿತ್ತು.

ಕೇಳಿದ ಮೇಲೆ ಅವರು ಬದಲಾಯಿಸಿ ಕೊಟ್ಟರು ಎಂಬುದನ್ನು ಮೆಚ್ಚಿ ಹೇಳಲೇಬೇಕು. ಈಗ ನಮ್ಮ ಡಬ್ಬಿಯ ಜೊತೆ ಗಾಣದ ತೆಂಗಿನೆಣ್ಣೆಯನ್ನು ಪುಟ್ಟ ಭರಣಿಯಲ್ಲಿ ಬೇರೆಯಾಗಿಯೇ ಕಳುಹಿಸುತ್ತಾರೆ, ಬೇಕಾದಷ್ಟು ನಾವೇ ಪಲ್ಯಕ್ಕೆ ಹಾಕಿಕೊಳ್ಳುತ್ತೇವೆ. ರಾತ್ರಿಗೆ ಎರಡು ಮೊಟ್ಟೆ ಬರುತ್ತದೆ, ಪನೀರ್ ಇಮ್ಮಡಿಯಾಗಿದೆ, ಘೀ ರೋಸ್ಟ್‌ಗೆ ತೊಡೆಯ ತುಂಡು ಹಾಕುತ್ತಾರೆ. ಇದಕ್ಕೆ ಹೆಚ್ಚುವರಿಯಾಗಿ 60 ರೂಪಾಯಿ. ದಿನದ ಮೊತ್ತ ಈಗ 1,350ರ ಸುತ್ತ ಇದೆ. ತಂಗಿಯ ತೂಕ ಮೊದಲಿಗಿಂತ ನಿಧಾನವಾಗಿ, ಆದರೆ ತಪ್ಪದೆ ಇಳಿಯುತ್ತಿದೆ. ತಲೆಸುತ್ತು ನಿಂತಿದೆ. ಅದಕ್ಕೆ ಊಟ ಹೆಚ್ಚಿದ್ದೊಂದೇ ಕಾರಣ ಎನ್ನಲಾಗದು, ಏಕೆಂದರೆ ಅದೇ ಹೊತ್ತಿಗೆ ಉಪ್ಪನ್ನೂ ಹೆಚ್ಚಿಸಿದ್ದೆವು. ಕೀಟೋದಲ್ಲಿ ಇನ್ಸುಲಿನ್ ಇಳಿದಂತೆ ಮೂತ್ರಪಿಂಡಗಳು ಸೋಡಿಯಮ್ಮನ್ನು ಹೆಚ್ಚು ಹೊರಹಾಕುತ್ತವೆ. ಕೂದಲಿನ ವಿಷಯ ಹೇಳಲು ಇನ್ನೂ ಕೆಲವು ತಿಂಗಳು ಬೇಕು.

ಆದರೆ ಕೇಳದವರಿಗೆ ಹಳೆಯ ಅಳತೆಯೇ ಹೋಗುತ್ತಿದೆ. ಐವತ್ತು ಕಿಲೋದ ಹುಡುಗಿಗೂ ತೊಂಬತ್ತು ಕಿಲೋದ ಗಂಡಸಿಗೂ ಒಂದೇ ಡಬ್ಬಿ. ಹೆಸರು ನೋಂದಾಯಿಸುವಾಗ ವಿಳಾಸ, ಸಸ್ಯಾಹಾರವೋ ಮಾಂಸಾಹಾರವೋ ಎಂಬಷ್ಟೇ ಕೇಳುತ್ತಾರೆ. ತೂಕ, ಎತ್ತರ, ಕೆಲಸದ ಬಗೆ ಯಾವುದನ್ನೂ ಕೇಳುವುದಿಲ್ಲ. ಇದಕ್ಕಿಂತ ಗಂಭೀರವಾದದ್ದು, ಔಷಧಿಯ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರು ಏಕಾಏಕಿ ಅನ್ನ ಬಿಟ್ಟು ಇಷ್ಟು ಕಡಿಮೆ ತಿಂದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಲ್ಲಿ, ಸಕ್ಕರೆ ಹೆಚ್ಚು ಏರದೆಯೇ ರಕ್ತದಲ್ಲಿ ಆಮ್ಲ ಹೆಚ್ಚುವ ಕೀಟೋಅಸಿಡೋಸಿಸ್ ಎಂಬ ತುರ್ತು ಸ್ಥಿತಿ ತಲೆದೋರಬಹುದು. ಬಸುರಿಯರು, ಹಾಲೂಡಿಸುವವರು, ಮೂತ್ರಪಿಂಡದ ಕಾಯಿಲೆಯವರು ವೈದ್ಯರನ್ನು ಕೇಳದೆ ಈ ಊಟಕ್ಕೆ ಹಣ ಕಟ್ಟಬಾರದು. ಇಷ್ಟು ಆಸ್ಪತ್ರೆಗಳಿರುವ ಮಂಗಳೂರಿನಲ್ಲಿ ಒಬ್ಬ ಆಹಾರ ತಜ್ಞರಿಂದ ಒಂದು ಪುಟದ ಪ್ರಶ್ನಾವಳಿ ಬರೆಸಿಕೊಳ್ಳುವುದು ಅಡುಗೆಮನೆಗೆ ದೊಡ್ಡ ಹೊರೆಯಾಗದು. ಈ ಮಾತನ್ನು ಅವರಿಗೂ ಬರೆದು ಕಳುಹಿಸಿದ್ದೇನೆ.

ರುಚಿಗೆ ಐದರಲ್ಲಿ ನಾಲ್ಕೂವರೆ, ಕಾರ್ಬೋಹೈಡ್ರೇಟಿನ ಪ್ರಾಮಾಣಿಕತೆಗೆ ಐದು, ಪ್ರಮಾಣಕ್ಕೆ ಎರಡು ಅಂಕ ಕೊಡುತ್ತೇನೆ. ಇಂಥ ಡಬ್ಬಿಗೆ ಹೊಸದಾಗಿ ಸೇರುವವರು ಮೊದಲ ದಿನವೇ ಎಣ್ಣೆಯ ಭರಣಿ, ಎರಡನೆಯ ಮೊಟ್ಟೆ, ತೊಡೆಯ ತುಂಡು ಬೇಕೆಂದು ಬಾಯಿಬಿಟ್ಟು ಕೇಳಿ ಪಡೆಯಿರಿ. ಊಟ ಮಧ್ಯಾಹ್ನ ಹನ್ನೆರಡೂವರೆಯೊಳಗೆ ಬಿಸಿಯಾಗಿಯೇ ಬರುತ್ತದೆ, ಭಾನುವಾರ ರಜೆ. ಸುರತ್ಕಲ್ ದಾಟಿ ಉಡುಪಿಯ ಕಡೆಗೆ ಸದ್ಯಕ್ಕೆ ಕಳುಹಿಸುವುದಿಲ್ಲ.