ಮೂವರಿಗೂ ಒಂದೇ ನೀಲಿ: ಶಿವಾಜಿನಗರದ ಒಂದು ಫ್ರೇಮ್ ಅಂಗಡಿ

ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. 12 ಇಂಚು ಅಗಲ, 15 ಇಂಚು ಎತ್ತರದ ಕಲರ್ ಪ್ರಿಂಟು, ಮೌಂಟ್ ಬೋರ್ಡು (ಚಿತ್ರದ ಸುತ್ತ ಅಂಚಿನಂತೆ ಕೂರುವ ದಪ್ಪ ರಟ್ಟು), ತೇಗದ ಚೌಕಟ್ಟು, ಗಾಜು ಎಲ್ಲ ಸೇರಿ 1,850 ರೂಪಾಯಿ ಆಯಿತು. ನಾಲ್ಕು ದಿನ ಎಂದಿದ್ದರು, ಐದು ದಿನ ಹಿಡಿಯಿತು. ಅಂಗಡಿ ಇರುವುದು ಶಿವಾಜಿನಗರದಲ್ಲಿ, ಸೇಂಟ್ ಮೇರೀಸ್ ಬೆಸಿಲಿಕಾದಿಂದ ರಸೆಲ್ ಮಾರ್ಕೆಟ್ ಕಡೆಗೆ ನಡೆದರೆ ಸಿಗುವ ಗಲ್ಲಿಗಳಲ್ಲೊಂದರಲ್ಲಿ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮಾಲೀಕರು ಮುಸ್ಲಿಮರು, ಸುಮಾರು ನಲವತ್ತೈದರ ವಯಸ್ಸು. ತಮ್ಮ ಹೆಸರಾಗಲಿ ಅಂಗಡಿಯ ಹೆಸರಾಗಲಿ ಬರೆಯುವುದು ಬೇಡ ಎಂದರು, ಬರೆಯುತ್ತಿಲ್ಲ. ಭಾಯ್ ಎಂದೇ ಕರೆಯುತ್ತೇನೆ.

ಒಂದು ಫೋಟೋ ಫ್ರೇಮಿಗೆ ಇಷ್ಟುದ್ದ ಬರೆಯಲು ಕಾರಣವಿದೆ.

ನಾನು ಬಿಎಂಟಿಸಿಯಲ್ಲಿ ಕಂಡಕ್ಟರ್ ಆಗಿದ್ದವನು, ಈಗ ನಿವೃತ್ತ. ಎಂ.ಜಿ. ರಸ್ತೆಯ ಮೇಲೆ ಹೋಗುವ ಬಸ್ಸುಗಳಲ್ಲೇ ನನ್ನ ಹೆಚ್ಚಿನ ಸರ್ವಿಸ್ ಕಳೆಯಿತು. "ಟ್ರಿನಿಟಿ, ಟ್ರಿನಿಟಿ, ಯಾರ್ರೀ ಇಳಿಯೋರು, ಮುಂದೆ ಬನ್ನಿ" ಎಂದು ದಿನಕ್ಕೆ ಎಷ್ಟು ಸಲ ಕೂಗಿದ್ದೇನೋ ಲೆಕ್ಕವಿಲ್ಲ. ಆ ಸರ್ಕಲ್ಲಿಗೆ ಹೆಸರು ಬಂದದ್ದು ಅಲ್ಲೇ ಇರುವ ಹೋಲಿ ಟ್ರಿನಿಟಿ ಚರ್ಚಿನಿಂದ. 2011ರಲ್ಲಿ ಮೆಟ್ರೋ ಶುರುವಾದಾಗ ನಿಲ್ದಾಣಕ್ಕೂ ಅದೇ ಹೆಸರಿಟ್ಟರು. ಈ ವರ್ಷ ಮೊಮ್ಮಗಳ ಜೊತೆ ಮೆಟ್ರೋದಲ್ಲಿ ಹೋಗುತ್ತಿದ್ದೆ. ಅವಳಿಗೆ ಒಂಬತ್ತು ವರ್ಷ, ಮೊದಲ ಪರಮಪ್ರಸಾದಕ್ಕೆ, ಅಂದರೆ ಪೂಜೆಯಲ್ಲಿ ಯೇಸುವಿನ ದೇಹವೆಂದು ನಾವು ನಂಬಿ ತೆಗೆದುಕೊಳ್ಳುವ ರೊಟ್ಟಿಗೆ, ತಯಾರಾಗುತ್ತಿದ್ದಳು. ನಿಲ್ದಾಣದ ಹೆಸರು ಕೂಗಿತು.

"ತಾತ, ಟ್ರಿನಿಟಿ ಅಂದ್ರೆ ಏನು?"

"ತ್ರಿತ್ವ ಕಣಮ್ಮ. ಪಿತ, ಸುತ, ಪವಿತ್ರಾತ್ಮ. ದಿನಾ ಶಿಲುಬೆ ಗುರುತು ಹಾಕ್ತೀಯಲ್ಲ, ಅದೇ."

"ಅಂದ್ರೆ ಮೂರು ದೇವರಾ?"

"ಇಲ್ಲ, ಒಬ್ಬರೇ."

ಅವಳು ನನ್ನ ಮುಖ ನೋಡಿದಳು. ಹಲಸೂರು ಬಂತು, ಇಂದಿರಾನಗರ ಬಂತು, ನನಗೆ ಮುಂದಿನ ಮಾತು ಹೊರಡಲಿಲ್ಲ. ಭಾನುವಾರ ಪೂಜೆಯಾದ ಮೇಲೆ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವನು ನಾನು. ಅಲ್ಲಿ ನೀರಿನ ಉದಾಹರಣೆ ಕೊಟ್ಟು ದಾಟಿಸಿಬಿಡುತ್ತಿದ್ದೆ: ಒಂದೇ ನೀರು, ಗಡ್ಡೆ ಕಟ್ಟಿದರೆ ಮಂಜು, ಕುದಿಸಿದರೆ ಆವಿ. ಮಕ್ಕಳು ತಲೆಯಾಡಿಸುತ್ತಿದ್ದರು. ಇದನ್ನು ನಮ್ಮ ಫಾದರ್ ಹತ್ತಿರ ಹೇಳಿದಾಗ ಅವರು ಬೇಸರ ಮಾಡಿಕೊಳ್ಳದೆ ಕೂರಿಸಿಕೊಂಡು ವಿವರಿಸಿದರು. ಒಬ್ಬನೇ ದೇವರು ಮೂರು ವೇಷಗಳಲ್ಲಿ ಬರುತ್ತಾನೆ ಎಂಬ ಮಾತನ್ನು 3ನೇ ಶತಮಾನದಲ್ಲೇ ರೋಮಿನಲ್ಲಿ ಸಬೆಲ್ಲಿಯುಸ್ ಎಂಬವನು ಹೇಳಿದ್ದ, ಧರ್ಮಸಭೆ ಅದನ್ನು ಆಗಲೇ ಬೇಡವೆಂದಿತು. ನನ್ನ ನೀರಿನ ಉದಾಹರಣೆ ಹೇಳುವುದೂ ಅದನ್ನೇ. ಯೇಸು ಜೋರ್ಡಾನ್ ಹೊಳೆಯಲ್ಲಿ ದೀಕ್ಷಾಸ್ನಾನ ಪಡೆದು ಮೇಲೆ ಬಂದಾಗ ಮಗ ನೀರಿನಲ್ಲಿ ನಿಂತಿದ್ದಾರೆ, ಆತ್ಮ ಪಾರಿವಾಳದಂತೆ ಇಳಿಯುತ್ತಿದೆ, ತಂದೆಯ ದನಿ ಮೇಲಿನಿಂದ ಕೇಳುತ್ತಿದೆ. ಮೂವರೂ ಒಂದೇ ಗಳಿಗೆಯಲ್ಲಿ ಇದ್ದಾರೆ. ಗೆತ್ಸೆಮನಿ ತೋಪಿನಲ್ಲಿ ಯೇಸು "ಅಪ್ಪಾ" ಎಂದು ಬೆವರು ಸುರಿಸಿ ಬೇಡಿಕೊಂಡದ್ದು ತನ್ನನ್ನೇ ಅಲ್ಲವಲ್ಲ. ಫಾದರ್ ಇಷ್ಟು ಹೇಳಿದ ಮೇಲೆ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಎಷ್ಟು ಮಕ್ಕಳಿಗೆ ತಪ್ಪು ಹೇಳಿಕೊಟ್ಟೆ ಎಂಬ ಸಂಕಟ ಈಗಲೂ ಇದೆ.

ಅಂದು ಫಾದರ್ ಮೊಬೈಲಿನಲ್ಲಿ ಒಂದು ಚಿತ್ರವನ್ನೂ ತೋರಿಸಿದ್ದರು. ರಷ್ಯಾದ ಆಂದ್ರೇ ರುಬ್ಲೆವ್ ಎಂಬ ಸನ್ಯಾಸಿ 15ನೇ ಶತಮಾನದ ಮೊದಲ ಭಾಗದಲ್ಲಿ ಮರದ ಹಲಗೆಯ ಮೇಲೆ ಬರೆದದ್ದು. ಮೂಲ ಚಿತ್ರ 142 ಸೆಂಟಿಮೀಟರ್ ಎತ್ತರ, 114 ಅಗಲ. ಆದಿಕಾಂಡದ 18ನೇ ಅಧ್ಯಾಯದ ಕತೆ: ಸುಡುಬಿಸಿಲಿನಲ್ಲಿ ಗುಡಾರದ ಬಾಗಿಲಲ್ಲಿ ಕೂತಿದ್ದ ಅಬ್ರಹಾಮನ ಮುಂದೆ ಮೂವರು ನಿಂತಿರುತ್ತಾರೆ. ಅವನು ಓಡಿಹೋಗಿ ಕಾಲು ತೊಳೆಯಲು ನೀರು ಕೊಡಿಸುತ್ತಾನೆ, ಸಾರಾ ಹಿಟ್ಟು ನಾದುತ್ತಾಳೆ, ಎಳೆಗರುವಿನ ಅಡುಗೆಯಾಗುತ್ತದೆ. ಬಂದವರು ಮೂವರು, ಅಬ್ರಹಾಮ ಮಾತಾಡಿಸುವುದು ಮಾತ್ರ ಒಬ್ಬರನ್ನು ಮಾತಾಡಿಸಿದ ಹಾಗೆ, ಸ್ವಾಮೀ ಎಂದು. ರುಬ್ಲೆವ್ ಅಬ್ರಹಾಮನನ್ನೂ ಸಾರಾಳನ್ನೂ ಬಿಟ್ಟು, ಮೇಜಿನ ಸುತ್ತ ಕೂತ ಮೂವರನ್ನು ಮಾತ್ರ ಬರೆದ. ಮೇಜಿನ ಮೇಲೆ ಒಂದೇ ಬಟ್ಟಲು. ಮೂವರ ಮುಖವೂ ಒಂದೇ, ವಯಸ್ಸೂ ಒಂದೇ. ಆದರೂ ಒಬ್ಬರು ಮತ್ತೊಬ್ಬರಲ್ಲ, ಉಡುಪು ಬೇರೆ, ಕೂತ ರೀತಿ ಬೇರೆ. ನಡುವಿನವರೂ ಬಲಗಡೆಯವರೂ ಎಡಗಡೆ ಕೂತವರತ್ತ ತಲೆ ಬಾಗಿಸಿದ್ದಾರೆ. ಎಡಗಡೆಯವರನ್ನು ಪಿತ, ನಡುವಿನವರನ್ನು ಸುತ, ಬಲಗಡೆಯವರನ್ನು ಪವಿತ್ರಾತ್ಮ ಎಂದು ಬಹಳ ಜನ ಓದುತ್ತಾರೆ. ಬೇರೆ ಥರ ಓದುವವರೂ ಇದ್ದಾರೆ.

ಇದನ್ನೇ ಮೊಮ್ಮಗಳಿಗೆ ಉಡುಗೊರೆ ಕೊಡಬೇಕು ಎಂದು ನಿರ್ಧರಿಸಿದೆ. ಮಗಳು ಇಂಟರ್ನೆಟ್ಟಿನಿಂದ ಒಳ್ಳೆಯ ಗುಣಮಟ್ಟದ ಫೈಲ್ ಇಳಿಸಿ ಪೆನ್‌ಡ್ರೈವಿಗೆ ಹಾಕಿಕೊಟ್ಟಳು.

ಮೊದಲು ಹೋದದ್ದು ನಮ್ಮ ಮನೆ ಹತ್ತಿರದ ಒಂದು ಫೋಟೋ ಲ್ಯಾಬಿಗೆ. ಅಲ್ಲಿ 12×18 ಬಿಟ್ಟರೆ ಬೇರೆ ಅಳತೆ ಮಾಡುವುದಿಲ್ಲ ಎಂದರು. ಹತ್ತು ನಿಮಿಷದಲ್ಲಿ ಪ್ರಿಂಟ್ ಕೈಗಿಟ್ಟರು, 180 ರೂಪಾಯಿ. ಮನೆಗೆ ತಂದು ಬಿಡಿಸಿ ನೋಡಿದರೆ ಎಡಬಲ ಎರಡೂ ಕಡೆ ಒಂದು ಇಂಚಿಗಿಂತ ಹೆಚ್ಚು ಕತ್ತರಿಸಿಹೋಗಿದೆ. ಉದ್ದದ ಕಾಗದ ತುಂಬಿಸಲು ಅಗಲವನ್ನು ಕತ್ತರಿಸಿದ್ದಾರೆ. ಮದುವೆ ಫೋಟೋದಲ್ಲಾದರೆ ಯಾರದೋ ಮೊಣಕೈ ಹೋಗುತ್ತಿತ್ತು ಅಷ್ಟೇ. ಇಲ್ಲಿ ಹಾಗಲ್ಲ. ಆ ಮೂವರ ಹೆಗಲು, ಬೆನ್ನು, ಕಾಲುಗಳ ಗೆರೆಯನ್ನು ಕಣ್ಣಲ್ಲೇ ಹಿಡಿದು ಹೋದರೆ ಒಂದು ವೃತ್ತವಾಗುತ್ತದೆ. ಎಲ್ಲಿಂದ ಶುರು ಮಾಡಿದರೂ ಮೂವರನ್ನೂ ಸುತ್ತಿ ಅಲ್ಲಿಗೇ ಬರುತ್ತೀರಿ. ಇಡೀ ಚಿತ್ರ ಹೇಳುತ್ತಿರುವುದೇ ಅದನ್ನು. ಆ ಲ್ಯಾಬಿನ ಕಾಗದದಲ್ಲಿ ವೃತ್ತ ಎರಡೂ ಬದಿ ಒಡೆದಿತ್ತು. ಎಡಮೂಲೆಯ ಮನೆಯ ಅಂಚು, ಬಲಮೂಲೆಯ ಬೆಟ್ಟದ ಅಂಚು ಎರಡೂ ಹೋಗಿದ್ದವು. ವಾಪಸ್ ಹೋಗಿ ಕೇಳಿದರೆ "ಸೈಜೇ ಹಾಗೆ" ಎಂದರು. ಬಣ್ಣದ ವಿಷಯ ಇನ್ನೂ ಬೇಸರ ತಂದಿತು, ನೀಲಿ ನೇರಳೆಗೆ ತಿರುಗಿತ್ತು.

ಭಾಯ್ ಅಂಗಡಿಗೆ ಕಳಿಸಿದ್ದು ಬೆಸಿಲಿಕಾ ಮುಂದೆ ಮೇಣದ ಬತ್ತಿ ಮಾರುವ ಅಕ್ಕ. ಭಾಯ್ ಪೆನ್‌ಡ್ರೈವ್ ತಗೊಂಡು ಕಂಪ್ಯೂಟರಿನಲ್ಲಿ ಚಿತ್ರ ತೆರೆದು, ಏನೂ ಮಾತಾಡದೆ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ ದುಡ್ಡಿನದಲ್ಲ: "ಸಾರ್, ಇದರ ಒರಿಜಿನಲ್ ಅಳತೆ ಎಷ್ಟು?" 142, 114 ಎಂದೆ. ಕ್ಯಾಲ್ಕುಲೇಟರ್ ಒತ್ತಿ, "12ಕ್ಕೆ 15 ಮಾಡಿದ್ರೆ ಏನೂ ಕಟ್ ಆಗಲ್ಲ. ಸುತ್ತ ಅರ್ಧ ಇಂಚು ಬಿಳಿ ಬಿಡ್ತೀನಿ, ಮೌಂಟ್ ಬೋರ್ಡ್ ಅಂಚು ಅದರ ಮೇಲೆ ಕೂರುತ್ತೆ, ಚಿತ್ರದ ಮೇಲೆ ಬರಲ್ಲ" ಎಂದರು. ಫ್ರೇಮ್ ಮಾಡಿಸುವವರು ಇದೊಂದನ್ನು ನೆನಪಿಡಿ. ಬಿಳಿ ಅಂಚು ಬಿಡದಿದ್ದರೆ ಪ್ರತಿ ಬದಿಯಿಂದಲೂ ಕಾಲು ಇಂಚು ಮೌಂಟಿನ ಕೆಳಗೆ ಹೋಗಿಬಿಡುತ್ತದೆ.

ಇಡೀ ಪ್ರಿಂಟ್ ತೆಗೆಯುವ ಮೊದಲು ಎರಡು ಬೆರಳಗಲದ ಪಟ್ಟಿಗಳನ್ನು ತೆಗೆದು ತೋರಿಸಿದರು. ನಾನು ನೀಲಿ ನೋಡಲು ಹೇಳಿದೆ. ಎಡಗಡೆಯವರಿಗೆ ಹೊಳೆಯುವ ತೆಳು ಮೇಲ್ಬಟ್ಟೆಯ ಒಳಗಿಂದ ನೀಲಿ ಕಾಣುತ್ತದೆ. ನಡುವಿನವರಿಗೆ ಕಡುಗೆಂಪು ಅಂಗಿಯ ಮೇಲೆ ನೀಲಿ ಹೊದಿಕೆ. ಬಲಗಡೆಯವರಿಗೆ ಹಸಿರಿನ ಒಳಗೆ ನೀಲಿ. ಮೂವರಿಗೂ ನೀಲಿ ಇದೆ, ಯಾರಿಗೂ ಕಡಿಮೆಯಿಲ್ಲ. ನನ್ನ ಮಟ್ಟಿಗೆ ಇಡೀ ಸಿದ್ಧಾಂತ ಆ ಬಣ್ಣದಲ್ಲಿದೆ. 325ರಲ್ಲಿ ನೈಸೀಯ ಪಟ್ಟಣದಲ್ಲಿ ಬಿಷಪರು ಸೇರಿ, ಸುತನು ಪಿತನೊಂದಿಗೆ ಒಂದೇ ಸತ್ವದವನು ಎಂದು ತೀರ್ಮಾನಿಸಿದರು. ಗ್ರೀಕಿನಲ್ಲಿ ಆ ಮಾತು ಹೋಮೊಊಸಿಯೊಸ್. ಆಮೇಲೆ ಕೆಲವರು ನಡುವೆ ಒಂದೇ ಒಂದು ಅಕ್ಷರ ಸೇರಿಸಿ ಹೋಮೊಯಿಊಸಿಯೊಸ್ ಎನ್ನೋಣ ಎಂದರು. ಹಾಗೆಂದರೆ ಒಂದೇ ಸತ್ವ ಅಲ್ಲ, ಅದರಂಥದೇ ಸತ್ವ. ಒಂದಕ್ಷರ ತಾನೇ ಎನ್ನಬಹುದು. ಆದರೆ 'ನನ್ನ ಮಗಳು' ಅನ್ನುವುದಕ್ಕೂ 'ನನ್ನ ಮಗಳಂಥವಳು' ಅನ್ನುವುದಕ್ಕೂ ಎಷ್ಟು ದೂರ! ನೈಸೀಯದ ಮಾತಿಗೆ ಅಂಟಿಕೊಂಡಿದ್ದಕ್ಕೆ ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯುಸ್ ಐದು ಸಲ ಗಡೀಪಾರಾದರು. ಪವಿತ್ರಾತ್ಮರ ವಿಷಯವನ್ನು 381ರ ಕಾನ್ಸ್ಟಾಂಟಿನೋಪಲ್ ಸಭೆ ಬಿಡಿಸಿ ಹೇಳಿತು. ಭಾನುವಾರ ನಾವು ಒಂದೇ ಉಸಿರಿಗೆ ಹೇಳಿ ಮುಗಿಸುವ ವಿಶ್ವಾಸ ಪ್ರಮಾಣದ ಹಿಂದೆ ಇಷ್ಟೆಲ್ಲ ಇದೆ.

ಮೊದಲ ಪಟ್ಟಿಯಲ್ಲಿ ಬಲಗಡೆಯ ನೀಲಿ ಹಸಿರಿಗೆ ಎಳೆಯುತ್ತಿತ್ತು. ಭಾಯ್‌ಗೆ ನಾನು ಹೇಳಬೇಕಾಗಲಿಲ್ಲ, ಅವರೇ ಪಟ್ಟಿಯನ್ನು ಬಾಗಿಲ ಬೆಳಕಿಗೆ ಹಿಡಿದು ತಲೆಯಾಡಿಸಿದರು. ಮೂರನೆಯ ಪಟ್ಟಿಗೆ ಸರಿಯಾಯಿತು. ಪಟ್ಟಿಗಳಿಗೆ ದುಡ್ಡು ತಗೊಳ್ಳಲಿಲ್ಲ. ಮೂಲ ಚಿತ್ರದ ಬಣ್ಣವೂ ಹೀಗೆ ಕಷ್ಟಪಟ್ಟೇ ಹೊರಗೆ ಬಂದದ್ದಂತೆ. ಶತಮಾನಗಳ ಕಾಲ ಹಳೇ ಎಣ್ಣೆಯ ಕಪ್ಪು, ಮೇಲೆ ಬೇರೆಯವರು ಬಳಿದ ಬಣ್ಣ, ಲೋಹದ ಹೊದಿಕೆ ಇವುಗಳಡಿ ಮುಚ್ಚಿಹೋಗಿತ್ತು. 1904ರಲ್ಲಿ ಶುಚಿ ಮಾಡಲು ಶುರು ಮಾಡಿದಾಗಲೇ ಈ ನೀಲಿ ಜನರ ಕಣ್ಣಿಗೆ ಬಿದ್ದದ್ದು.

ಅಂಗಡಿಯ ಗೋಡೆಯ ಮೇಲೆ ರೆಡಿ ಫ್ರೇಮುಗಳಲ್ಲಿ ತ್ರಿತ್ವದ ಚಿತ್ರ ಒಂದಿತ್ತು, 350 ರೂಪಾಯಿ. ನಮ್ಮ ಬಹಳ ಮನೆಗಳಲ್ಲಿರುವುದು ಅದೇ: ಬಿಳಿ ಗಡ್ಡದ ಅಜ್ಜ, ಪಕ್ಕದಲ್ಲಿ ಯೇಸುಸ್ವಾಮಿ, ಮೇಲೆ ಪಾರಿವಾಳ. ನಮ್ಮಪ್ಪನ ಮನೆಯಲ್ಲೂ ಅದಿತ್ತು, ಅದರ ಮುಂದೆಯೇ ಜಪಸರ ಹೇಳಿ ಬೆಳೆದವನು ನಾನು, ಅದರ ಮೇಲೆ ನನಗೆ ಗೌರವವಿದೆ. ಆದರೂ ಮಗುವಿಗೆ ಅದನ್ನು ಕೊಡಲು ಮನಸ್ಸು ಬರಲಿಲ್ಲ. ಅಪ್ಪ ಮುದುಕ, ಮಗ ಯುವಕ ಎಂದು ಕಂಡರೆ, ಅಪ್ಪ ಇದ್ದು ಮಗ ಇನ್ನೂ ಇಲ್ಲದ ಕಾಲ ಒಂದಿತ್ತು ಎಂದು ಮಗು ತಿಳಿಯುತ್ತದೆ. ನೈಸೀಯದಲ್ಲಿ ಬೇಡವೆಂದದ್ದು ಅಲೆಕ್ಸಾಂಡ್ರಿಯದ ಆರಿಯುಸ್ ಎಂಬ ಪಾದ್ರಿಯ ಅದೇ ಮಾತನ್ನು. ಪಿತ ಎಂದಿನಿಂದಲೂ ಪಿತನೇ ಆಗಿದ್ದರೆ ಸುತನೂ ಎಂದಿನಿಂದಲೂ ಇರಬೇಕು. ಯುರೋಪಿನಲ್ಲಿ ಒಂದೇ ತಲೆಗೆ ಮೂರು ಮುಖ ಬರೆದ ತ್ರಿತ್ವದ ಚಿತ್ರಗಳೂ ಇದ್ದವು, 1628ರಲ್ಲಿ ಪೋಪ್ 8ನೇ ಉರ್ಬನ್ ಅವನ್ನು ನಿಷೇಧಿಸಿದರು. ರುಬ್ಲೆವನ ಮೂವರಲ್ಲಿ ಹಿರಿಯರಿಲ್ಲ, ಕಿರಿಯರಿಲ್ಲ.

ಚೌಕಟ್ಟಿಗೆ ಮೂಲೆ ಕತ್ತರಿಸುತ್ತಾ ಭಾಯ್ ಕೇಳಿದರು, "ಸಾರ್, ತಪ್ಪು ತಿಳ್ಕೋಬೇಡಿ. ನಾವು ದೇವರು ಒಬ್ಬನೇ ಅಂತೀವಿ. ನೀವು ಮೂರು ಅಂತೀರಾ?"

"ನಾವೂ ಒಬ್ಬರೇ ಅಂತೀವಿ ಭಾಯ್. ನಮ್ಮ ಪ್ರಾರ್ಥನೆ ನೋಡಿ, 'ಪಿತನ, ಸುತನ ಹಾಗೂ ಪವಿತ್ರಾತ್ಮರ ನಾಮದಲ್ಲಿ' ಅಂತ ಇದೆ. ನಾಮಗಳಲ್ಲಿ ಅಂತಿಲ್ಲ. ಒಂದೇ ನಾಮ. ಆದ್ರೆ ಆ ಒಬ್ಬ ದೇವರ ಒಳಗೇ ಪ್ರೀತಿ ಕೊಡೋದು, ತಗೊಳ್ಳೋದು ಇದೆ ಅಂತ ಯೇಸು ತಿಳಿಸಿದ್ರು ಅನ್ನೋದು ನಮ್ಮ ನಂಬಿಕೆ. ಲೋಕ ಹುಟ್ಟೋಕೆ ಮುಂಚೆ ಪ್ರೀತಿಸೋಕೆ ಬೇರೆ ಯಾರೂ ಇರಲಿಲ್ಲ, ಆಗ್ಲೂ ದೇವರು ಪ್ರೀತಿಯೇ ಆಗಿದ್ರು."

ಅವರು ಒಪ್ಪಲಿಲ್ಲ, ನಾನೂ ಒಪ್ಪಿಸಲು ಹೋಗಲಿಲ್ಲ. "ನಮ್ಮಲ್ಲಿ ಹಾಗಿಲ್ಲ ಸಾರ್, ಆದ್ರೆ ಇಬ್ರಾಹಿಂ ಪೈಗಂಬರರ ಮನೆಗೆ ಅತಿಥಿಗಳು ಬಂದದ್ದು, ಕರು ಬೇಯಿಸಿದ್ದು ನಮ್ಮಲ್ಲೂ ಇದೆ" ಎಂದರು. ಕುರಾನಿನಲ್ಲಿ ಆ ಅತಿಥಿಗಳು ಊಟ ಮುಟ್ಟುವುದಿಲ್ಲವಂತೆ. ಇದು ನನಗೆ ಗೊತ್ತಿರಲಿಲ್ಲ. ಚಹಾ ತರಿಸಿದರು, ಇಬ್ಬರೂ ಕುಡಿದೆವು.

ಕೊರತೆಗಳನ್ನೂ ಹೇಳಬೇಕು. ಒಂದು ದಿನ ತಡವಾಯಿತು, ಫೋನ್ ಮಾಡಿ ತಿಳಿಸಲಿಲ್ಲ, ನಾನು ಬಸ್ಸಿನಲ್ಲಿ ಹೋಗಿ ಬರಿಗೈಲಿ ಬಂದೆ. ಹಿಂಬದಿಯ ಕಂದು ಟೇಪು ಒಂದು ಮೂಲೆಯಲ್ಲಿ ಆಗಲೇ ಏಳುತ್ತಿದೆ. ನೇತುಹಾಕಲು ಕೊಟ್ಟ ತಂತಿ ತೆಳು, ಮನೆಯಲ್ಲಿ ಬೇರೆ ಕಟ್ಟಿದೆ. ಗಾಜಿನ ವಿಷಯದಲ್ಲಿ ನಾನೇ ಎರಡು ಮನಸ್ಸು ಮಾಡಿದೆ. ಹೊಳಪಿಲ್ಲದ ಗಾಜಿಗೆ ಇನ್ನೂ 600 ರೂಪಾಯಿ ಎಂದರು. ಭಾಯ್ ಎರಡೂ ಗಾಜನ್ನು ಚಿತ್ರದ ಮೇಲಿಟ್ಟು ತೋರಿಸಿದಾಗ ಹೊಳಪಿಲ್ಲದ್ದು ಬಣ್ಣವನ್ನು ಸ್ವಲ್ಪ ಮಂಕು ಮಾಡುತ್ತಿತ್ತು. ಮಾಮೂಲಿ ಗಾಜೇ ಹಾಕಿಸಿದೆ. ಟ್ಯೂಬ್‌ಲೈಟಿನ ಎದುರು ಗೋಡೆಗೆ ಹಾಕಬೇಡಿ, ಬೆಳಕು ಬಡಿದು ಏನೂ ಕಾಣುವುದಿಲ್ಲ. ನಾವು ಕಿಟಕಿಯ ಪಕ್ಕದ ಗೋಡೆಗೆ ಹಾಕಿದ್ದೇವೆ.

ಮೊಮ್ಮಗಳು ಚಿತ್ರದ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಮೇಜಿನ ಮೂರು ಬದಿಯಲ್ಲಿ ಮೂವರಿದ್ದಾರೆ, ನಮ್ಮ ಕಡೆಯ ಬದಿ ಖಾಲಿ. "ಇಲ್ಲಿ ಯಾರು ಕೂರೋದು ತಾತ?" ಎಂದಳು. ಮೆಟ್ರೋದಲ್ಲಿ ಕೇಳಿದ್ದಕ್ಕಿಂತ ಇದು ದೊಡ್ಡ ಪ್ರಶ್ನೆ, ಆದರೆ ಇದಕ್ಕೆ ನನ್ನ ಹತ್ತಿರ ಉತ್ತರವಿತ್ತು. "ಪರಮಪ್ರಸಾದ ತಗೊಳ್ಳೋಕೆ ಹೋಗ್ತೀಯಲ್ಲ, ಅವತ್ತು ನೀನು ಕೂರೋದು ಅಲ್ಲೇ" ಎಂದೆ. ನಡುವಿನವರ ಕೈ ತೋರುತ್ತಿರುವ ಆ ಬಟ್ಟಲನ್ನು ಅವಳು ಬೆರಳಿಟ್ಟು ಮುಟ್ಟಿದಳು, ಗಾಜಿನ ಮೇಲೆ ಬೆರಳಚ್ಚು ಉಳಿಯಿತು.

ಭಾನುವಾರದ ತರಗತಿಗೂ ಒಂದು ಬೇಕೆಂದು ಹೋದ ವಾರ ಇನ್ನೊಂದು ಆರ್ಡರ್ ಕೊಟ್ಟೆ, ದೊಡ್ಡದು, 16×20. ಅದೂ ಇದೇ ಪ್ರಮಾಣಕ್ಕೆ ಸರಿಹೊಂದುತ್ತದೆ. ಮುಂಗಡ 1,000 ಕೊಟ್ಟಿದ್ದೇನೆ. ಬಣ್ಣ ಮತ್ತೆ ಹುಡುಕುವುದು ಬೇಡ ಎಂದು ಭಾಯ್ ಆ ಮೂರನೆಯ ಪಟ್ಟಿಯನ್ನು ಕಂಪ್ಯೂಟರಿನ ಪಕ್ಕದ ಗೋಡೆಗೆ ಅಂಟಿಸಿಕೊಂಡಿದ್ದಾರೆ. ನೀವು ಹೋದರೆ ಬೆಳಿಗ್ಗೆ ಹನ್ನೊಂದರ ಮೇಲೆ ಹೋಗಿ, ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ.