ಬದಿಯಡ್ಕದ ಡಿಟಿಪಿ ಅಂಗಡಿಯಲ್ಲಿ ಆಟೋಹಾಟ್‌ಕೀ: ಎರಡು ವರ್ಷ ಬಳಸಿದ ಮೇಲೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ) ಅಂಗಡಿ. ಬೇಸಿಗೆಯಲ್ಲಿ ದೇವಸ್ಥಾನದ ಬ್ರಹ್ಮಕಲಶ, ದೈವದ ನೇಮ, ಮದುವೆಗಳ ಆಮಂತ್ರಣ. ಮಳೆ ಹಿಡಿಯಿತೆಂದರೆ ಶಾಲೆ, ಪಂಚಾಯತಿನ ಅರ್ಜಿಗಳು. "ಶ್ರೀ ದೇವರ ಸಿರಿಮುಡಿ ಗಂಧಪ್ರಸಾದವನ್ನು ಸ್ವೀಕರಿಸಿ ಕೃತಾರ್ಥರಾಗಬೇಕಾಗಿ ವಿನಂತಿ" ಎಂಬ ಸಾಲನ್ನು ಎಷ್ಟು ಸಲ ಕುಟ್ಟಿದ್ದೇನೋ ಲೆಕ್ಕವಿಲ್ಲ. ಹಳೆಯ ಫೈಲಿನಿಂದ ನಕಲು ಮಾಡಬಹುದಲ್ಲ ಎನ್ನಬೇಡಿ. ಹಾಗೆ ಮಾಡಿಯೇ ಒಂದು ದೇವಸ್ಥಾನದ ಆಮಂತ್ರಣದಲ್ಲಿ ಇನ್ನೊಂದು ಊರಿನ ದೇವರು ಉಳಿದು, ಐನೂರು ಪ್ರತಿಗಳನ್ನು ಕೈಯಿಂದ ಹಣ ಹಾಕಿ ಮತ್ತೆ ಮುದ್ರಿಸಿದವನು ನಾನು.

ಆ ಪೆಟ್ಟಿನ ನಂತರ ಆಟೋಹಾಟ್‌ಕೀ ಹಾಕಿಕೊಂಡೆ. 2003ರಿಂದ ಇರುವ ಉಚಿತ, ಮುಕ್ತ ತಂತ್ರಾಂಶ; ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ನೋಟ್‌ಪ್ಯಾಡ್‌ನಲ್ಲಿ ನಾಲ್ಕು ಸಾಲು ಬರೆದಿಟ್ಟರೆ ಮುಗಿಯಿತು: ಮೂರಕ್ಷರದ ಗುರುತು ಒತ್ತಿ ಸ್ಪೇಸ್ ಕೊಟ್ಟರೆ ಇಡೀ ಸಾಲು ಮೂಡುತ್ತದೆ. ಮೊದಲ ದಿನ ನನಗೆ ಮೂಡಿದ್ದು ಮಾತ್ರ ಕನ್ನಡವಲ್ಲ, ಯಾವುದೋ ಯೂರೋಪಿನ ಅಕ್ಷರಗಳ ಕಲಸುಮೇಲೋಗರ. ಹಳೆಯ ಒಂದನೇ ಆವೃತ್ತಿಯಲ್ಲಿ ಫೈಲನ್ನು ಬಿಒಎಂ (ಫೈಲಿನ ಮೊದಲಿಗೆ ಸೇರುವ ಸಂಕೇತ) ಸಹಿತ ಯುಟಿಎಫ್-8 ಎಂಬ ಅಕ್ಷರಸಂಕೇತದಲ್ಲಿ ಉಳಿಸದಿದ್ದರೆ ಹೀಗಾಗುತ್ತದೆ. 2022ರ ಡಿಸೆಂಬರಿನಲ್ಲಿ ಬಂದ ಎರಡನೇ ಆವೃತ್ತಿಗೆ ಈ ಕಾಟವಿಲ್ಲ. ಆದರೆ ಒಂದರಲ್ಲಿ ಬರೆದದ್ದು ಎರಡರಲ್ಲಿ ಹಾಗೆಯೇ ಓಡುವುದಿಲ್ಲ. ಹೊಸಬರು ನೇರವಾಗಿ ಎರಡನೆಯದನ್ನೇ ಹಾಕಿಕೊಳ್ಳುವುದು ಒಳ್ಳೆಯದು.

ನಮ್ಮ ಗಡಿನಾಡಿಗೆ ಇದರ ನಿಜವಾದ ಉಪಕಾರ ಊರ ಹೆಸರುಗಳಲ್ಲಿ. ಕನ್ನಡದಲ್ಲಿ ಮಂಜೇಶ್ವರ, ಮಲಯಾಳದಲ್ಲಿ ಮಂಜೇಶ್ವರಂ. ಇಲ್ಲಿ ಕುಂಬಳೆ, ಅಲ್ಲಿ ಕುಂಬಳ. ಇಂಗ್ಲಿಷಿನಲ್ಲಿ ಒಬ್ಬೊಬ್ಬರ ಆಧಾರ್ ಕಾರ್ಡಿನಲ್ಲಿ ಒಂದೊಂದು ಬಗೆ. ಪ್ರತಿ ಊರಿಗೂ ಒಂದು ಗುರುತು ಇಟ್ಟು, ಕೊನೆಗೆ ಕ ಒತ್ತಿದರೆ ಕನ್ನಡ, ಮ ಒತ್ತಿದರೆ ಮಲಯಾಳ ಬರುವಂತೆ ಮಾಡಿದ್ದೇನೆ. ಮಲಯಾಳ ಕೀಲಿಮಣೆ ಇವತ್ತಿಗೂ ನನ್ನ ಬೆರಳಿಗೆ ಒಗ್ಗಿಲ್ಲ. ಅದು ಗಿರಾಕಿಗಳಿಗೆ ತಿಳಿಯುವುದೂ ಇಲ್ಲ. ಮುದ್ರಣದ ಪುಟ ಜೋಡಿಸಲು ಪೇಜ್‌ಮೇಕರ್ ಬಳಸುವವರು ಗಮನಿಸಿ: ಅದಕ್ಕೆ ಯೂನಿಕೋಡ್, ಎಂದರೆ ಎಲ್ಲ ಭಾಷೆಗಳಿಗೂ ಒಂದೇ ಆದ ಈಗಿನ ಅಕ್ಷರಸಂಕೇತ, ತಿಳಿಯದು. ತೆರೆದಿರುವ ಕಿಟಕಿ ಯಾವುದೆಂದು ನೋಡಿ, ಅಲ್ಲಿ ಹಳೆಯ ಫಾಂಟಿನ ಸಂಕೇತಗಳ ಬೇರೆ ಪಟ್ಟಿಯೇ ಕೆಲಸಕ್ಕಿಳಿಯುವಂತೆ ಹೇಳಿಡಬಹುದು.

ಗುರುತುಗಳನ್ನು ಆರಿಸುವಾಗ ಎಚ್ಚರ ಬೇಕು. ಬ್ರಹ್ಮಕಲಶೋತ್ಸವಕ್ಕೆ ನಾನು ಇಂಗ್ಲಿಷಿನ 'ಬಿ, ಕೆ' ಇಟ್ಟಿದ್ದೆ. ಒಬ್ಬರ ಸಾಲದ ಅರ್ಜಿಯಲ್ಲಿ ಅದೇ ಇನಿಶಿಯಲ್ ಬಂತು. ಅಡಿಕೆ ತೋಟದ ಸಾಲಕ್ಕೆ ಬ್ರಹ್ಮಕಲಶೋತ್ಸವ ಎಂಬವರೇ ಅರ್ಜಿದಾರರಾದರು! ಈಗ ಎಲ್ಲ ಗುರುತುಗಳ ಮುಂದೆಯೂ ಅಲ್ಪವಿರಾಮ ಹಾಕುತ್ತೇನೆ.

ಮೌಸ್ ಕ್ಲಿಕ್‌ಗಳನ್ನು ಅದರ ಕೈಗೆ ಕೊಟ್ಟದ್ದು ನನ್ನ ದುರಾಸೆ. ಅರ್ಜಿಯ ಪುಟದಲ್ಲಿ ಪರದೆಯ ಇಂಥ ಬಿಂದುವಿನಲ್ಲಿ ಒತ್ತು ಎಂದು ಬರೆದಿಟ್ಟಿದ್ದೆ. ಕಣ್ಣು ಮಂಜಾಗುತ್ತಿದೆ ಎಂದು ಒಂದು ದಿನ ಬ್ರೌಸರನ್ನು ತುಸು ಹಿಗ್ಗಿಸಿದೆ, ಚೌಕಗಳೆಲ್ಲ ಕೆಳಗೆ ಜಾರಿದವು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹುಡುಗನ ಅಮ್ಮ, "ಅಣ್ಣಾ, ಅಪ್ಪನ ಹೆಸರಿನ ಜಾಗದಲ್ಲಿ ನಾನು ಹೇಗೆ ಬಂದೆ?" ಎಂದು ಕೇಳಿದ್ದರಿಂದ ಉಳಿದುಕೊಂಡೆ. ಆ ಸ್ಕ್ರಿಪ್ಟನ್ನು (ಬರೆದಿಟ್ಟ ಆಜ್ಞೆಗಳನ್ನು) ಅಂದೇ ಅಳಿಸಿದೆ.

ಇಂಥದೇ ಕೆಲಸ ಮಾಡುವ ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್ ಡೆಸ್ಕ್‌ಟಾಪನ್ನೂ ಮೂರು ವಾರ ನೋಡಿದೆ. ವಿಂಡೋಸ್ 10 ಇದ್ದವರಿಗೆ 2021ರ ಮಾರ್ಚಿನಿಂದ ಉಚಿತ, ವಿಂಡೋಸ್ 11ರಲ್ಲಿ ಜೊತೆಗೇ ಬರುತ್ತದೆ. ಅದು ಬಿಂದುವನ್ನಲ್ಲ, ಗುಂಡಿಯನ್ನೇ ಗುರುತಿಸಿ ಒತ್ತಬಲ್ಲದು. ನಿಗದಿತ ಹೊತ್ತಿಗೆ ತಾನಾಗಿ ಓಡಬೇಕಾದರೆ ಮಾತ್ರ ಹಣ ತೆರಬೇಕು. ಕಚೇರಿಗಳಿಗೆ ಹೊಂದೀತು, ನನ್ನ ನಾಲ್ಕು ಜಿಬಿಯ ಹಳೆಯ ಯಂತ್ರಕ್ಕೆ ಭಾರವಾಯಿತು.

ಆಟೋಹಾಟ್‌ಕೀಯ ಶಾರ್ಟ್‌ಕಟ್ ಈಗ ಸ್ಟಾರ್ಟಪ್ ಫೋಲ್ಡರಿನಲ್ಲಿದೆ. ಮಳೆಗಾಲದ ಆಟಿ ತಿಂಗಳಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಹೋದರೂ ಕಂಪ್ಯೂಟರ್ ಎದ್ದೊಡನೆ ಅದೂ ಏಳುತ್ತದೆ. ಪಟ್ಟಿಯ ಒಂದು ಪ್ರತಿ ಪೆನ್‌ಡ್ರೈವಿನಲ್ಲಿದೆ, ಇನ್ನೊಂದನ್ನು ಮುದ್ರಿಸಿ ಗೋಡೆಗೆ ಅಂಟಿಸಿದ್ದೇನೆ, ಅರ್ಧ ಗುರುತುಗಳು ನನಗೇ ನೆನಪಿರುವುದಿಲ್ಲ.