ಡ್ರಮ್ಮಿನ ಬಿಸಿನೀರು, ರಾಯಚೂರಿನ ಬಿಸಿಲು: ಸಹಾರಾ ಓಟಕ್ಕೆ ಮುಂಚೆ ಮಾಡಿ ನೋಡಿದ್ದು

ಮ್ಯಾರಥಾನ್ ದೆ ಸಾಬ್ಲ್ ಮುಗಿಸಿ ಬಂದ ಮೇಲೆ ಜೊತೆಗೆ ಓಡುವವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಬೆಂಗಳೂರಿನ ತಂಪಲ್ಲಿ ಇದ್ದುಕೊಂಡು ಆ ಬಿಸಿಲಿಗೆ ಹೇಗೆ ತಯಾರಾದೆ? ಎರಡು ಬೇಸಿಗೆ ಇದಕ್ಕೇ ಹೋಗಿದೆ. ಏನೇನು ಮಾಡಿ ನೋಡಿದೆ, ಯಾವುದು ಕೈ ಹಿಡಿಯಿತು, ಯಾವುದು ಕೈ ಕೊಟ್ಟಿತು ಅಂತ ಒಟ್ಟಿಗೆ ಬರೆದಿಡುತ್ತಿದ್ದೇನೆ.

ಮೊದಲು ಓಟದ ಬಗ್ಗೆ ಎರಡು ಮಾತು. ಮೊರಾಕ್ಕೊ ದೇಶದ ದಕ್ಷಿಣದಲ್ಲಿ, ಸಹಾರಾ ಮರುಭೂಮಿಯ ಅಂಚಿನಲ್ಲಿ ನಡೆಯುತ್ತದೆ. ಸುಮಾರು 250 ಕಿಲೋಮೀಟರ್, ಆರು ಹಂತ. ಅದರಲ್ಲಿ ಒಂದು ಹಂತವೇ 80 ಕಿ.ಮೀ. ದಾಟುತ್ತದೆ. ಫ್ರಾನ್ಸಿನ ಪ್ಯಾಟ್ರಿಕ್ ಬಾವರ್ 1984ರಲ್ಲಿ ಒಬ್ಬರೇ ಊಟ, ನೀರು ಬೆನ್ನಿಗೆ ಕಟ್ಟಿಕೊಂಡು ಸಹಾರಾದಲ್ಲಿ 350 ಕಿ.ಮೀ. ನಡೆದಿದ್ದರು. 1986ರಲ್ಲಿ 23 ಜನರನ್ನು ಕಟ್ಟಿಕೊಂಡು ಈ ಓಟ ಶುರು ಮಾಡಿದರು. ಇವತ್ತಿಗೂ ಊಟ, ಮಲಗುವ ಚೀಲ, ಔಷಧಿ ಎಲ್ಲ ನಮ್ಮ ಬೆನ್ನ ಮೇಲೇ ಇರಬೇಕು. ನೀರು ಮತ್ತು ರಾತ್ರಿ ಮಲಗಲು ಡೇರೆ ಮಾತ್ರ ಓಟ ನಡೆಸುವವರು ಕೊಡುತ್ತಾರೆ. ಬ್ಯಾಗಿನ ತೂಕ 6.5 ಕಿಲೋಗಿಂತ ಕಡಿಮೆ ಇರಬಾರದು, 15 ಕಿಲೋ ಮೀರಬಾರದು. ನಾನು ಕೆಳಗೆ ಹೇಳುವ ಎಲ್ಲ ಲೆಕ್ಕವೂ ಈ ತೂಕದ ಸುತ್ತಲೇ ಸುತ್ತುತ್ತದೆ.

ಮೈ ಪಳಗಿಸಲು: ಊರಿನ ಮಧ್ಯಾಹ್ನವೋ, ಬಚ್ಚಲಿನ ಡ್ರಮ್ಮೋ

ನನ್ನ ತವರು ರಾಯಚೂರು. ಬಿಸಿಲು ಬೇಕು ಅಂದರೆ ಬೇರೆ ಕಡೆ ಯಾಕೆ ಹುಡುಕಬೇಕು ಅಂದುಕೊಂಡು ಮೊದಲ ವರ್ಷದ ಏಪ್ರಿಲ್‌ನಲ್ಲಿ ಎಂಟು ದಿನ ರಜೆ ಹಾಕಿ ಊರಿಗೆ ಹೋದೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಶಕ್ತಿನಗರದ ಕಡೆಯ ರಸ್ತೆಯಲ್ಲಿ 8 ಕಿ.ಮೀ. ನಿಧಾನ ಓಟ. ತಮ್ಮ ನೀರಿನ ಕ್ಯಾನ್ ಇಟ್ಟುಕೊಂಡು ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಅವ್ವ ಬಾಗಿಲಲ್ಲೇ ನಿಂತು ಬೈದಳು: "ಹುಚ್ಚು ಹಿಡಿದದೇನು ನಿನಗ? ಈ ಬಿಸಲಾಗ ನಾಯಿ ಸುದ್ದಾ ಹೊರಗ ಬರಲ್ಲ."

ಅವ್ವನ ಮಾತಲ್ಲಿ ತಪ್ಪೇನಿರಲಿಲ್ಲ. ಎರಡನೇ ದಿನ ಐದನೇ ಕಿಲೋಮೀಟರಿಗೆ ಕಿವಿಯೊಳಗೆ ಗುಂಯ್ ಅನ್ನತೊಡಗಿತು. ಡಾಂಬರಿನ ಝಳ ಮೊಣಕಾಲಿನವರೆಗೆ ಬಡಿಯುತ್ತಿತ್ತು. ತಮ್ಮ ಬೈಕು ಅಡ್ಡ ನಿಲ್ಲಿಸಿ, "ಅಕ್ಕಾ, ಮುಖ ಕೆಂಪಗಾಗ್ಯಾದ. ಸಾಕು, ಗಾಡಿ ಮ್ಯಾಲ ಕುಂದ್ರು" ಅಂದ. ಒಂದು ಬೇವಿನ ಮರದ ಕೆಳಗೆ ಅರ್ಧ ಗಂಟೆ ಕೂತೆವು. ನನ್ನ ಕಪ್ಪು ಟೀ ಶರ್ಟಿನ ಬೆನ್ನ ಮೇಲೆ ಸುಣ್ಣ ಬಳಿದ ಹಾಗೆ ಉಪ್ಪಿನ ಪಟ್ಟೆ ಮೂಡಿತ್ತು. ಉಗುರಿನಿಂದ ಕೆರೆದರೆ ಪುಡಿ ಉದುರುತ್ತಿತ್ತು.

ಆದರೂ ಮೈ ಪಳಗಿತು. ಮೊದಲ ದಿನ ಎದೆಬಡಿತ ಸರಾಸರಿ 168 ಇತ್ತು. ಎಂಟನೇ ದಿನ ಅದೇ ರಸ್ತೆ, ಅದೇ ವೇಗ, 157. ಮೈ ದಿನಾ ಒಂದು ಗಂಟೆ ಚೆನ್ನಾಗಿ ಕಾದು ಬೆವರಿದರೆ ಮೊದಲ ವಾರದಲ್ಲೇ ರಕ್ತದ ನೀರಿನ ಅಂಶ ಹೆಚ್ಚುತ್ತದೆ. ಅದಕ್ಕೇ ಎದೆ ಅಷ್ಟು ಜೋರಾಗಿ ಹೊಡೆದುಕೊಳ್ಳುವುದಿಲ್ಲ. ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ. ಹತ್ತರಿಂದ ಹದಿನಾಲ್ಕು ದಿನಕ್ಕೆ ಈ ಬದಲಾವಣೆ ಹೆಚ್ಚುಕಡಿಮೆ ಪೂರ್ತಿಯಾಗುತ್ತದೆ. ಬಿಟ್ಟರೆ ಕೆಲವೇ ವಾರದಲ್ಲಿ ಹೋಗಿಯೂ ಬಿಡುತ್ತದೆ.

ತೊಂದರೆ ಇದ್ದದ್ದು ಕಾಲಿನಲ್ಲಿ. ಆ ಎಂಟು ದಿನದಲ್ಲಿ ಒಂದೂ ಒಳ್ಳೆಯ ಉದ್ದ ಓಟ ಆಗಲಿಲ್ಲ. ಮಧ್ಯಾಹ್ನ ಬೆಂದ ಮೈಗೆ ಸಂಜೆ ಏನೂ ಬೇಡವಾಗಿತ್ತು. ರಾತ್ರಿಯೂ ಸೆಕೆ, ನಿದ್ದೆ ಇಲ್ಲ. ವಾಪಸ್ ಬಂದ ಮೇಲೆ ಸುಧಾರಿಸಿಕೊಳ್ಳಲು ಇನ್ನೊಂದು ವಾರ ಹಿಡಿಯಿತು.

ಎರಡನೇ ವರ್ಷ, ಓಟದ ವರ್ಷ, ಡ್ರಮ್ಮು ತಂದೆ. 200 ಲೀಟರಿನ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಮೇಲಿನ ಭಾಗ ಕೊಯ್ಸಿ, ಅಂಚಿಗೆ ಮರಳು ಕಾಗದ ಉಜ್ಜಿ ನುಣುಪು ಮಾಡಿ ಬಚ್ಚಲಲ್ಲಿ ಇಟ್ಟೆವು. ಉಪಾಯ ನನ್ನದಲ್ಲ. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದ್ದಾರೆ. ತಂಪು ಹೊತ್ತಲ್ಲಿ 40 ನಿಮಿಷ ಓಡಿ, ತಕ್ಷಣ 40 ಡಿಗ್ರಿ ನೀರಿನಲ್ಲಿ ಕುತ್ತಿಗೆವರೆಗೆ 40 ನಿಮಿಷದ ತನಕ ಕೂರುವುದು. ಆರು ದಿನಕ್ಕೇ ಬಿಸಿಲು ತಡೆಯುವ ಶಕ್ತಿ ಹೆಚ್ಚಿತ್ತಂತೆ.

ನಾನು ಹತ್ತು ದಿನ ಮಾಡಿದೆ. ನಮ್ಮ 25 ಲೀಟರಿನ ಗೀಸರ್ ಎರಡು ಸಲ ಕಾಯಬೇಕು. ಓಡಲು ಹೋಗುವ ಮುಂಚೆ ಒಮ್ಮೆ ಬಿಸಿನೀರು ಬಿಟ್ಟು ಮುಚ್ಚಿಟ್ಟು ಹೋಗುತ್ತಿದ್ದೆ, ಬಂದು ಇನ್ನೊಮ್ಮೆ. ಡ್ರಮ್ಮಿನ ತಳಕ್ಕೆ ಸಣ್ಣ ಪ್ಲಾಸ್ಟಿಕ್ ಸ್ಟೂಲು, ಅಂಚಿಗೆ ದಾರದಲ್ಲಿ ಕಟ್ಟಿದ ಥರ್ಮಾಮೀಟರು. ಅವ್ವನ ಮನೆಯ ಹಂಡೆ ನೀರಿನ ಎಣ್ಣೆಸ್ನಾನ ನೆನಪಾಗುತ್ತಿತ್ತು. ಆದರೆ ಎಣ್ಣೆಸ್ನಾನದ ಸುಖ ಇದರಲ್ಲಿಲ್ಲ. ಮೊದಲ ಹತ್ತು ನಿಮಿಷ ಹಾಯ್ ಅನ್ನಿಸುತ್ತದೆ. ಇಪ್ಪತ್ತಕ್ಕೆ ಹಣೆಯಿಂದ ಬೆವರು ತೊಟತೊಟ ಬೀಳುತ್ತದೆ. ಆಮೇಲೆ ಪ್ರತಿ ನಿಮಿಷ ಎಣಿಸಬೇಕು. ಮೊದಲ ದಿನ 22 ನಿಮಿಷಕ್ಕೇ ಎದ್ದೆ. ಆರನೇ ದಿನ 40 ಮುಟ್ಟಿತು.

ಒಂದು ವಿಷಯ ದಯವಿಟ್ಟು ಗಮನಿಸಿ. ನೀರಿನಿಂದ ಏಳುವಾಗ ತಲೆ ಧಿಮ್ಮೆನ್ನುತ್ತದೆ. ಮೂರನೇ ದಿನ ನನ್ನ ಕಣ್ಣು ಕತ್ತಲೆ ಬಂತು. ನಮ್ಮ ಮನೆಯವರು ತೋಳು ಹಿಡಿಯದಿದ್ದರೆ ಬಚ್ಚಲಲ್ಲೇ ಬೀಳುತ್ತಿದ್ದೆ. ಮನೆಯಲ್ಲಿ ಇನ್ನೊಬ್ಬರು ಇಲ್ಲದಿದ್ದಾಗ ಇದನ್ನು ಮಾಡಲೇಬೇಡಿ. ಬಿಪಿ, ಹೃದಯದ ತೊಂದರೆ ಇರುವವರು ಮತ್ತು ಬಸುರಿಯರು ವೈದ್ಯರನ್ನು ಕೇಳದೆ ಇದರ ಹತ್ತಿರವೂ ಹೋಗಬೇಡಿ.

ಹತ್ತು ದಿನ ಮುಗಿಸಿ ಮಾರ್ಚ್ ಕೊನೆಗೆ ರಾಯಚೂರಿಗೆ ಹೋದೆ. ಅದೇ ರಸ್ತೆ, ಅದೇ ಮಧ್ಯಾಹ್ನ, ಅದೇ ವೇಗ. ಆ ವರ್ಷ ಬಿಸಿಲಿನಲ್ಲಿ ಒಂದು ಹೆಜ್ಜೆಯೂ ಓಡಿರಲಿಲ್ಲ. ಎದೆಬಡಿತ 155. ಹಿಂದಿನ ವರ್ಷ ಎಂಟು ದಿನ ಬೆಂದು ಗಳಿಸಿದ್ದನ್ನು ಈ ಸಲ ಹೊತ್ತುಕೊಂಡೇ ಹೋಗಿದ್ದೆ. ನಡುವೆ ಒಂದು ವರ್ಷದ ಓಟ ಸೇರಿತ್ತು, ಏಪ್ರಿಲ್‌ಗಿಂತ ಮಾರ್ಚ್ ಬಿಸಿಲು ಸ್ವಲ್ಪ ಕಡಿಮೆ, ಅದೂ ನಿಜ. ಆದರೆ ಬೆಂಗಳೂರಿನ ಉದ್ದ ಓಟಗಳು ಒಂದೂ ತಪ್ಪಿರಲಿಲ್ಲ. ನನಗೆ ದೊಡ್ಡ ಲಾಭ ಅಂದರೆ ಅದೇ.

ಡ್ರಮ್ಮು ಕಲಿಸದ್ದನ್ನು ರಾಯಚೂರು ಕಲಿಸುತ್ತದೆ. ನೆತ್ತಿಯ ಬಿಸಿಲು, ಕಣ್ಣು ಕೋರೈಸುವ ಬೆಳಕು, ಉಸಿರಿನ ಬಿಸಿ, ಯಾವಾಗ ಓಟ ಬಿಟ್ಟು ನಡೆಯಬೇಕು ಅನ್ನುವ ಅಂದಾಜು. ಇದಕ್ಕೆ ಎಂಟು ದಿನ ಬೇಡ, ಮೂರು ಸಾಕು. ಹತ್ತು ದಿನ ಡ್ರಮ್ಮು, ಮೂರು ದಿನ ಊರು. ಯಾರು ಕೇಳಿದರೂ ನಾನು ಇದನ್ನೇ ಹೇಳುತ್ತೇನೆ.

ಎರಡು ಟೀ ಶರ್ಟಿನ ಮೇಲೆ ಮಳೆ ಜಾಕೆಟ್ ಹಾಕಿ ಬೆಂಗಳೂರಿನ ಬೆಳಗ್ಗೆ ಓಡುವುದನ್ನೂ ನಾಲ್ಕು ದಿನ ಮಾಡಿದೆ. ತೋಳಿನೊಳಗೆ ಬೆವರು ನಿಂತು ಕಂಕುಳ ಚರ್ಮ ಕಿತ್ತು ಬಂತು, ಬಿಟ್ಟೆ. ಜಿಮ್ಮಿನ ಸೌನಾ ಒಳ್ಳೆಯದೇ, ಓಟ ಮುಗಿದ ತಕ್ಷಣ ಸಿಗುವಂತಿದ್ದರೆ.

ಕುಡಿಯಲು: ಒಆರ್‌ಎಸ್, ಸ್ಪೋರ್ಟ್ಸ್ ಪುಡಿ, ಉಪ್ಪಿನ ಕ್ಯಾಪ್ಸೂಲು

ಮೊದಲ ವರ್ಷ ರಾಯಚೂರಿನಲ್ಲಿ ಒಂದು ತಪ್ಪು ಮಾಡಿದೆ. ಬಾಯಾರಲಿ ಬಿಡಲಿ, ಗಂಟೆಗೆ ಒಂದು ಲೀಟರ್ ಬರೀ ನೀರು ಕುಡಿದೆ. ಸಂಜೆಗೆ ತಲೆನೋವು, ವಾಕರಿಕೆ. ಬೆರಳು ಊದಿ ಉಂಗುರ ತೆಗೆಯಲು ಸೋಪು ಹಚ್ಚಬೇಕಾಯಿತು. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರು ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ಇದರಿಂದ ಓಟಗಾರರು ಸತ್ತದ್ದೂ ಇದೆ. ನೀರು ಕಡಿಮೆಯಾದರಷ್ಟೇ ಅಪಾಯ ಅಂತ ನಾನು ಅಲ್ಲಿಯವರೆಗೆ ನಂಬಿದ್ದೆ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ 20.5 ಗ್ರಾಂ. ಅದರಲ್ಲಿ ಸೋಡಿಯಂ ಸುಮಾರು 1,700 ಮಿಲಿಗ್ರಾಂ, ಗ್ಲೂಕೋಸ್ 13.5 ಗ್ರಾಂ. ನಾನು ತಂದಿದ್ದ ಸ್ಪೋರ್ಟ್ಸ್ ಪುಡಿಯಲ್ಲಿ ಲೀಟರಿಗೆ ಸೋಡಿಯಂ ಸುಮಾರು 500 ಮಿಲಿಗ್ರಾಂ, ಸಕ್ಕರೆ 60 ಗ್ರಾಂ. ಒಂದು ಉಪ್ಪು ಕೊಡುತ್ತದೆ, ಇನ್ನೊಂದು ಶಕ್ತಿ ಕೊಡುತ್ತದೆ. ಕಾಗದದ ಮೇಲೆ ಎರಡೂ ಬೇಕು. ಆದರೆ ಮರಳುಗಾಡಿನಲ್ಲಿ ಹತ್ತು ಗಂಟೆಯ ಮೇಲೆ ಬಾಟಲಿ ನೀರು ಆರಿದ ಚಹಾದಷ್ಟು ಬಿಸಿ ಇರುತ್ತದೆ. ಬಿಸಿ ನೀರಿನಲ್ಲಿ ಆ ಕಿತ್ತಳೆ ಸಿಹಿ ಎರಡನೇ ದಿನಕ್ಕೇ ಗಂಟಲಿಗೆ ಇಳಿಯಲಿಲ್ಲ. ಒಆರ್‌ಎಸ್ ರುಚಿಯಾಗಿತ್ತು ಅನ್ನಲಾರೆ, ಆದರೆ ಕೊನೆಯ ದಿನದವರೆಗೂ ಕುಡಿಯಲು ಆಯಿತು. ಎದೆಯ ಎಡಗಡೆ ಬಾಟಲಿಯಲ್ಲಿ ಒಆರ್‌ಎಸ್, ಬಲಗಡೆ ಬರೀ ನೀರು. ಬಾಯಾರಿದಾಗ ನಾಲಿಗೆ ಯಾವುದನ್ನು ಕೇಳಿತೋ ಅದು. ಬೆರಳು ಊದಲಿಲ್ಲ.

ಕ್ಯಾಪ್ಸೂಲು ತೂಕದಲ್ಲಿ ಎಲ್ಲಕ್ಕಿಂತ ಹಗುರ. ಆದರೆ ಮೂರನೇ ಹಂತದಲ್ಲಿ ಖಾಲಿ ಹೊಟ್ಟೆಗೆ ಎರಡು ನುಂಗಿ ಹತ್ತೇ ನಿಮಿಷದಲ್ಲಿ ವಾಂತಿ ಮಾಡಿಕೊಂಡೆ. ಉಳಿದವು ಸೆಕೆಗೆ ಕರಗಿ ಒಂದಕ್ಕೊಂದು ಅಂಟಿ ಉಂಡೆಯಾಗಿದ್ದವು.

ಒಆರ್‌ಎಸ್ ಕೊಳ್ಳುವಾಗ ಹಿಂದಿನ ಚೀಟಿ ಓದಿ. ಆ ಹೆಸರು ಹಾಕಿಕೊಂಡ ಸಿಹಿ ಪಾನೀಯಗಳು ಅಂಗಡಿಗಳಲ್ಲಿ ತುಂಬಾ ಇದ್ದವು. ಸೂತ್ರಕ್ಕೆ ಹೊಂದದ ಪಾನೀಯಕ್ಕೆ ಆ ಹೆಸರು ಬಳಸಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶ ಮಾಡಿದ್ದು 2025ರಲ್ಲಿ. ಮಕ್ಕಳಿರುವ ಮನೆಯವರಿಗೂ ಇದು ಗೊತ್ತಿರಬೇಕು, ಅಲ್ವಾ?

ತಿನ್ನಲು: ಪ್ಯಾಕೆಟ್ ಊಟವೋ, ಮನೆಯದೋ

ದಿನಕ್ಕೆ ಕಡಿಮೆ ಅಂದರೂ 2,000 ಕ್ಯಾಲೊರಿಯಂತೆ ಏಳು ದಿನಕ್ಕೆ 14,000 ಕ್ಯಾಲೊರಿ ಊಟ ಹೊತ್ತಿರಲೇಬೇಕು. ತಪಾಸಣೆಯಲ್ಲಿ ಚೀಟಿ ಸಮೇತ ತೋರಿಸಬೇಕು. ಗ್ರಾಮಿಗೆ 4 ಕ್ಯಾಲೊರಿ ಇರುವ ಊಟವಾದರೆ ಮೂರೂವರೆ ಕಿಲೋ, 5 ಇದ್ದರೆ 2.8 ಕಿಲೋ. ಅದಕ್ಕೇ ಎಲ್ಲರೂ ಒಣಗಿಸಿದ ಪ್ಯಾಕೆಟ್ ಊಟ ಒಯ್ಯುತ್ತಾರೆ. ನಾನೂ ಅರ್ಧ ಅದನ್ನೇ ಒಯ್ದೆ. ಇನ್ನರ್ಧ ಮನೆಯದು: ಶೇಂಗಾ ಹೋಳಿಗೆ, ಗೊಜ್ಜವಲಕ್ಕಿ, ಹುರಿದ ಶೇಂಗಾ, ಅವ್ವ ಕುಟ್ಟಿದ ಶೇಂಗಾ ಹಿಂಡಿ (ಚಟ್ನಿಪುಡಿ).

ಶೇಂಗಾ ಹೋಳಿಗೆ ಗೆಲ್ಲುತ್ತದೆ ಅಂದುಕೊಂಡಿದ್ದೆ. ಕೆಡುವುದಿಲ್ಲ, ಕೈಯಗಲದಲ್ಲಿ ಬೇಕಾದಷ್ಟು ಶಕ್ತಿ. ಎರಡು ದಿನ ಚೆನ್ನಾಗಿಯೇ ಇಳಿಯಿತು. ಮೂರನೇ ದಿನದಿಂದ ಬೆಲ್ಲದ ವಾಸನೆಯೇ ಆಗಿ ಬರಲಿಲ್ಲ. ಬಿಸಿಲಲ್ಲಿ ದಣಿದ ಬಾಯಿ ಕೇಳುವುದು ಹುಳಿ, ಉಪ್ಪು, ಖಾರ. ಆರು ಹೋಳಿಗೆ ಹಾಗೇ ಉಳಿದವು.

ಗೆದ್ದದ್ದು ಗೊಜ್ಜವಲಕ್ಕಿ. ಪ್ಯಾಕೆಟ್ ಊಟಕ್ಕೆ ಬಿಸಿನೀರು ಬೇಕು, ಒಲೆ ಬೇಕು, ಗಾಳಿಯಲ್ಲಿ ಬೆಂಕಿ ಹಚ್ಚುವ ತಾಳ್ಮೆ ಬೇಕು. ಅವಲಕ್ಕಿ ತರಿಗೆ ಹುಣಸೆ, ಬೆಲ್ಲ, ಸಾರಿನ ಪುಡಿ, ಉಪ್ಪು ಬೆರೆಸಿ ಒಣಗಿಸಿ ಒಯ್ದಿದ್ದೆ. ತಣ್ಣೀರು ಹಾಕಿ ಕಾಲು ಗಂಟೆ ಬಿಟ್ಟರೆ ತಿನ್ನಲು ತಯಾರು. ಉದ್ದದ ಹಂತದ ರಾತ್ರಿ, ಒಂದು ಚೆಕ್‌ಪಾಯಿಂಟಿನಲ್ಲಿ, ಹಣೆಯ ಟಾರ್ಚಿನ ಬೆಳಕಿನಲ್ಲಿ ಜಿಪ್ ಚೀಲದಿಂದಲೇ ಚಮಚೆ ಹಾಕಿ ತಿಂದೆ. ಮೇಲೆ ಶೇಂಗಾ ಹಿಂಡಿ. ಹುಣಸೆಯ ಹುಳಿ ನಾಲಿಗೆಗೆ ತಾಗಿದ ತಕ್ಷಣ ಬಾಯಲ್ಲಿ ಮತ್ತೆ ನೀರೂರಿತು. ಸಂಜೆಯಿಂದ ಅಲ್ಲಿಯವರೆಗೆ ಒಂದು ತುತ್ತೂ ಒಳಗೆ ಹೋಗಿರಲಿಲ್ಲ. ಆ ಚೀಲ ಖಾಲಿಯಾದ ಮೇಲೆ ಬೆಳಗಿನವರೆಗೆ ನಡೆಯುವ ಧೈರ್ಯ ಬಂತು. ಅವಲಕ್ಕಿಯಲ್ಲಿ ಗ್ರಾಮಿಗೆ ಕ್ಯಾಲೊರಿ ಕಡಿಮೆ, ನಿಜ. ಆದರೆ ತಿನ್ನದೆ ಉಳಿದ ಕ್ಯಾಲೊರಿ ಬರೀ ಹೊರೆ.

ತಲೆಗೆ: ಟೋಪಿಯೋ, ಬಟ್ಟೆಯೋ

ಕುತ್ತಿಗೆ ಮುಚ್ಚುವ ಪರದೆ ಇರುವ ಓಟದ ಟೋಪಿ ಒಂದು. ಎರಡು ಮೀಟರ್ ಬಿಳಿ ಮಲ್ ಬಟ್ಟೆ ಇನ್ನೊಂದು. ಬೆಳಗಿನ ಹೊತ್ತು, ಗಾಳಿ ಇದ್ದಾಗ ಟೋಪಿಯೇ ಸರಿ. ಮಧ್ಯಾಹ್ನ ಬಟ್ಟೆ. ನಮ್ಮ ಕಡೆ ರೈತರು ರುಮಾಲು ಸುತ್ತುವ ಹಾಗೆ ಸುತ್ತಿ, ಒಂದು ತುದಿ ಬೆನ್ನಿಗೆ ಬಿಟ್ಟು, ಒಂದೆರಡು ಗುಟುಕು ನೀರು ಹಾಕುತ್ತಿದ್ದೆ. ಒಣ ಗಾಳಿಗೆ ಆ ನೀರು ಆರುವಾಗ ಕುತ್ತಿಗೆ ತಣ್ಣಗಾಗುತ್ತದೆ. ಹತ್ತು ನಿಮಿಷ ಅಷ್ಟೇ, ಆದರೆ ಆ ಹತ್ತು ನಿಮಿಷ ತುಂಬಾ ದೊಡ್ಡದು. ಮರಳು ಗಾಳಿ ಎದ್ದಾಗ ಅದೇ ಬಟ್ಟೆ ಮೂಗು, ಬಾಯಿಗೆ. ಗಾಳಿ ಜೋರಾಗಿ ದಾರಿ ಕಾಣದಿದ್ದರೆ ಇದ್ದಲ್ಲೇ ನಿಲ್ಲಬೇಕು. 1994ರಲ್ಲಿ ಇಟಲಿಯ ಮೌರೊ ಪ್ರೊಸ್ಪೆರಿ ಮರಳು ಬಿರುಗಾಳಿಯಲ್ಲಿ ನಿಲ್ಲದೆ ಮುಂದುವರಿದು, ದಾರಿ ತಪ್ಪಿ, ಒಂದು ವಾರಕ್ಕಿಂತ ಜಾಸ್ತಿ ದಿನ ಅಲೆದು, ಗಡಿ ದಾಟಿ ಅಲ್ಜೀರಿಯಾದಲ್ಲಿ ಜೀವಂತ ಸಿಕ್ಕಿದ್ದರು.

ಕುತ್ತಿಗೆಗೆ ಐಸು ತುಂಬಿದ ಬಟ್ಟೆ ಕಟ್ಟುವುದನ್ನೂ ಊರಲ್ಲಿ ಮಾಡಿ ನೋಡಿದೆ. ಅದರಷ್ಟು ತಂಪು ಯಾವುದೂ ಇಲ್ಲ. ಆದರೆ ಈ ಓಟದಲ್ಲಿ ಐಸು ಎಲ್ಲಿಂದ ತರುವುದು? ಅಮೆರಿಕದ ಡೆತ್ ವ್ಯಾಲಿಯಲ್ಲಿ ಜುಲೈ ತಿಂಗಳು ನಡೆಯುವ ಬ್ಯಾಡ್‌ವಾಟರ್ 135ರ ಲೆಕ್ಕ ಬೇರೆ. 217 ಕಿ.ಮೀ. ಒಂದೇ ಉಸಿರಿಗೆ, 48 ಗಂಟೆಯೊಳಗೆ, ಪೂರ್ತಿ ಡಾಂಬರು ರಸ್ತೆ. ಅಲ್ಲಿ ಪ್ರತಿಯೊಬ್ಬರ ಜೊತೆ ಅವರದೇ ಗಾಡಿ, ಅವರದೇ ಸಹಾಯದ ತಂಡ ಇರುತ್ತದೆ. ಐಸು ಪೆಟ್ಟಿಗೆಯಲ್ಲೇ ಬರುತ್ತದೆ. ಅಲ್ಲಿಗೆ ಹೋಗುವವರು ಐಸಿನ ಬಟ್ಟೆ ಹೊಲಿಸಿಕೊಳ್ಳಿ.

ಕಾಲಿಗೆ

ಇದು ಬೇಗ ಮುಗಿಯುತ್ತದೆ. ಕಣಕಾಲಿನವರೆಗಿನ ಸಿದ್ಧ ಗೇಟರ್ (ಶೂ ಒಳಗೆ ಮರಳು ಹೋಗದ ಹಾಗೆ ಮುಚ್ಚುವ ಬಟ್ಟೆಯ ಕವಚ) ಹಾಕಿ ಊರ ಹೊಳೆಯ ಮರಳಲ್ಲಿ ಓಡಿದೆ, ಸಾಕು ಅನ್ನಿಸಿತ್ತು. ಆದರೆ ಸಹಾರಾದ ದಿಬ್ಬದ ಮರಳು ಮೈದಾ ಹಿಟ್ಟಿನ ಹಾಗೆ ನುಣ್ಣಗಿರುತ್ತದೆ ಅಂತ ಹೋಗಿ ಬಂದವರು ಎಚ್ಚರಿಸಿದರು. ಪ್ಯಾರಾಶೂಟ್ ಬಟ್ಟೆಯ, ಮೊಣಕಾಲಿನ ಕೆಳಗಿನವರೆಗೆ ಬರುವ ಗೇಟರ್ ತರಿಸಿದೆ. ಅದರ ವೆಲ್ಕ್ರೊ ಪಟ್ಟಿಯನ್ನು ಎಡ ಶೂಗೆ ಅಂಟಿನಿಂದ ಅಂಟಿಸಿದೆ, ಬಲ ಶೂಗೆ ನಮ್ಮ ಬೀದಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ಸುತ್ತಲೂ ಹೊಲಿಸಿದೆ. ಎರಡನೇ ಹಂತದ ಮಧ್ಯಾಹ್ನ ಎಡಗಡೆಯ ಅಂಟು ಬಿಟ್ಟುಕೊಂಡಿತು. ವಾರದ ಕೊನೆಗೆ ಎಡಪಾದದಲ್ಲಿ ಏಳು ಬೊಬ್ಬೆ, ಬಲಪಾದದಲ್ಲಿ ಒಂದು. ಆ ಹೊಲಿಗೆಗೆ ನಾನು ಕೊಟ್ಟದ್ದು 120 ರೂಪಾಯಿ.